ಮರದ ದೆಸೆಯಿಂದ ಬಿದ್ದ ಒಂದು ಅಂಕ

ಅಣ್ಣನ ಮಗಳು ಎಂಟನೇ ಕ್ಲಾಸು. ಕಳೆದ ವಾರ ಕನ್ನಡ ಕಿರುಪರೀಕ್ಷೆಯ ಉತ್ತರಪತ್ರಿಕೆ ತಂದು ನನ್ನ ಮುಂದೆ ಇಟ್ಟಳು. ಪಂಚಮೀ ವಿಭಕ್ತಿಗೆ ಒಂದು ಉದಾಹರಣೆ ಕೊಡಿ ಅಂತ ಪ್ರಶ್ನೆ. ಇವಳು 'ಮರದಿಂದ ಮಾವಿನಕಾಯಿ ಬಿತ್ತು' ಅಂತ ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಸರಿಯುತ್ತರ: 'ಮರದ ದೆಸೆಯಿಂದ ಮಾವಿನಕಾಯಿ ಬಿತ್ತು.' ಒಂದು ಅಂಕ ಹೋಯಿತು.

"ಚಿಕ್ಕಪ್ಪ, ದೆಸೆಯಿಂದ ಅಂದ್ರೇನು?"

ತಲೆ ಕೆರೆದುಕೊಂಡೆ. ನಾನೂ ಮೂವತ್ತು ವರ್ಷದ ಹಿಂದೆ ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ಏಳು ವಿಭಕ್ತಿಗಳ ಪ್ರತ್ಯಯಗಳನ್ನು ಮಗ್ಗಿ ಥರ ಬಾಯಿಪಾಠ ಮಾಡಿದವನೇ. ಆಮೇಲಿನ ಈ ಮೂವತ್ತು ವರ್ಷದಲ್ಲಿ ಬಸ್ಸಿನಲ್ಲಾಗಲಿ, ಸಂತೆಯಲ್ಲಾಗಲಿ, ಮದುವೆ ಮನೆಯಲ್ಲಾಗಲಿ, ನಲ್ಲಿ ಹತ್ತಿರದ ಜಗಳದಲ್ಲಾಗಲಿ ಯಾರೂ ಎಲ್ಲಿಯ ದೆಸೆಯಿಂದಲೂ ಬಂದದ್ದನ್ನು ನಾನು ಕೇಳಿಲ್ಲ. ಜನ ಹುಬ್ಬಳ್ಳಿಯಿಂದ ಬರುತ್ತಾರೆ. ಹುಬ್ಬಳ್ಳಿಯ ದೆಸೆಯಿಂದ ಬಂದವರು ಇದ್ದರೆ ದಯವಿಟ್ಟು ಕೈ ಎತ್ತಿ. ಅಷ್ಟು ಧೈರ್ಯ ಇದ್ದರೆ ಕಂಡಕ್ಟರಿಗೆ "ಮಂಡ್ಯದ ದೆಸೆಯಿಂದ ಮೈಸೂರಿಗೆ ಎರಡು ಟಿಕೆಟ್ ಕೊಡಿ" ಅಂತ ಕೇಳಿ ನೋಡಿ. ಅವರು ಟಿಕೆಟ್ ಹರಿಯುವ ಮುಂಚೆ ನಿಮ್ಮ ಬಾಯಿ ಮೂಸುತ್ತಾರೆ.

ಇದರ ಕತೆ ಹೀಗಿದೆ. ಸಂಸ್ಕೃತದಲ್ಲಿ 'ರಾಮೇಣ' ಬೇರೆ, 'ರಾಮಾತ್' ಬೇರೆ. ರಾಮನಿಂದ ಆದ ಕೆಲಸಕ್ಕೆ ಒಂದು ರೂಪ, ಅದು ಮೂರನೇ ವಿಭಕ್ತಿ. ರಾಮನಿಂದ ದೂರ ಬಂದದ್ದಕ್ಕೆ ಇನ್ನೊಂದು, ಅದು ಐದನೆಯದು, ಅಂದರೆ ಪಂಚಮೀ. ಕನ್ನಡಕ್ಕೆ ಎರಡಕ್ಕೂ ಒಂದೇ 'ಇಂದ' ಸಾಕು. ಚಾಕುವಿನಿಂದ ಕೊಯ್ಯುತ್ತೇವೆ, ಊರಿಂದ ಬರುತ್ತೇವೆ, ಯಾರಿಗೂ ಗೊಂದಲ ಆಗುವುದಿಲ್ಲ. ಆದರೆ ವಿಭಕ್ತಿಯ ಮನೆ ಕಟ್ಟುವಾಗ ಪ್ಲಾನು ಸಂಸ್ಕೃತದ್ದು ತಂದಿದ್ದರಲ್ಲ, ಅದರಲ್ಲಿ ಐದನೇ ಕೋಣೆ ಇತ್ತು. ಕೋಣೆ ಖಾಲಿ ಬಿಡುವುದು ಹೇಗೆ? ಬಾಡಿಗೆದಾರನನ್ನು ಹುಡುಕಿದರು. ಹದಿಮೂರನೇ ಶತಮಾನದಲ್ಲಿ ವ್ಯಾಕರಣ ಬರೆದ ಕೇಶಿರಾಜ ಅಲ್ಲಿ 'ಅತ್ತಣಿಂ' ಅನ್ನುವುದನ್ನು ಕೂರಿಸಿದ. ಹೊಸಗನ್ನಡದ ಪಠ್ಯಪುಸ್ತಕಗಳು 'ದೆಸೆಯಿಂದ'ವನ್ನು ಕರೆತಂದವು. ಪಾಪ, ಅದು ಇವತ್ತಿಗೂ ಅಲ್ಲೇ ಒಬ್ಬಂಟಿಯಾಗಿ ಕೂತಿದೆ. ಪರೀಕ್ಷೆಯ ದಿನ ಮಾತ್ರ ಹೊರಗೆ ಬಂದು ಒಂದು ಅಂಕ ವಸೂಲಿ ಮಾಡಿಕೊಂಡು ಮತ್ತೆ ಒಳಗೆ ಹೋಗುತ್ತದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವರ್ಷಗಟ್ಟಲೆ ಬರೆದರು. ಪುಸ್ತಕ ಓದಿದವರು ಹೌದೌದು ಅಂದರು. ಉತ್ತರಪತ್ರಿಕೆ ತಿದ್ದುವವರು ಕೆಂಪು ಪೆನ್ನಿಗೆ ರೀಫಿಲ್ ಹಾಕಿಸಿಕೊಂಡರು.

ಪೆನ್ನು ಅಂದೆನಲ್ಲ, ಅಲ್ಲೇ ಸ್ವಲ್ಪ ನಿಲ್ಲೋಣ. ಇಂಗ್ಲಿಷಿನ ಪೆನ್ ನಮ್ಮ ಬಾಯಲ್ಲಿ ಪೆನ್ನು ಆಯಿತು. ಬಸ್ ಬಸ್ಸಾಯಿತು, ಬುಕ್ ಬುಕ್ಕಾಯಿತು, ನಟ್ ನಟ್ಟಾಯಿತು. ಆದರೆ ಕಾರ್ ಮಾತ್ರ 'ಕಾರ್ರು' ಆಗಲಿಲ್ಲ. ಕಾರು, ಗೇಟು, ಸೀಟು, ಕೋಟು, ಫೋನು. ಯಾಕೆ? ಒಳಗಿನ ಸ್ವರ ಚಿಕ್ಕದಿದ್ದರೆ ಕೊನೆಯ ವ್ಯಂಜನ ಇಮ್ಮಡಿ ಆಗುತ್ತದೆ, ಸ್ವರ ಉದ್ದ ಇದ್ದರೆ ಒಂಟಿಯಾಗಿಯೇ ಉಳಿಯುತ್ತದೆ. ಈ ನಿಯಮವನ್ನು ಯಾವ ಮೇಷ್ಟ್ರು ಹೇಳಿಕೊಟ್ಟರು? ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದ ಹುಡುಗ ಒಂದು ದಿನವೂ ತಪ್ಪುವುದಿಲ್ಲ. ಇನ್ನೂ ಮಜಾ ಏನೆಂದರೆ ಇದು ಇಂಗ್ಲಿಷ್ ಪದಗಳಿಗಾಗಿ ಮಾಡಿದ ನಿಯಮವೇ ಅಲ್ಲ. ಹಳೆಗನ್ನಡದ ಕಲ್, ಕಣ್, ಪಲ್ ನಮ್ಮ ಕಲ್ಲು, ಕಣ್ಣು, ಹಲ್ಲು ಆದದ್ದು ಹೀಗೇ. ಕಾಲ್, ಮೀನ್, ತೇರ್ ಸುಮ್ನೆ ಕಾಲು, ಮೀನು, ತೇರು ಆದದ್ದೂ ಹೀಗೇ. ರಾಮ ಎತ್ತಿದ ಬಿಲ್ ಬಿಲ್ಲಾಯಿತು. ನೂರಾರು ವರ್ಷ ಆದಮೇಲೆ ಹೋಟೆಲಿನ ಬಿಲ್ ಬಂತು, ಅದೂ ಅದೇ ಬಾಗಿಲಲ್ಲಿ ಅದೇ ಥರ ತಲೆ ಬಗ್ಗಿಸಿ ಬಿಲ್ಲಾಗಿಯೇ ಒಳಗೆ ಬಂತು. ಮೊದಲನೆಯದನ್ನು ಎತ್ತಲು ಒಬ್ಬನಿಗಾದರೂ ಶಕ್ತಿ ಇತ್ತು. ಎರಡನೆಯದು ಟೇಬಲ್ಲಿಗೆ ಬಂದಾಗ ನಮ್ಮ ಗೆಳೆಯರೆಲ್ಲ ಕೈ ತೊಳೆಯಲು ಏಳುತ್ತಾರೆ.

ಇಷ್ಟು ಚೆಂದದ ನಿಯಮ ನಮ್ಮ ಹುಡುಗಿಯ ಪುಸ್ತಕದಲ್ಲಿ ಎಲ್ಲಿದೆ ಅಂತ ಹುಡುಕಿದೆ. ಸಿಗಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ಪಾಸಾಗಿಬಿಡುತ್ತಾರೆ, ಅದೂ ಒಂದು ಸಮಸ್ಯೆಯೇ ಅಲ್ವಾ.

ಕಾಫಿ ಗೀಫಿ, ತಿಂಡಿ ಗಿಂಡಿ ವಿಷಯವೂ ಇಷ್ಟೇ. ಮೊದಲ ಅಕ್ಷರ ಗಿಡ್ಡ ಇದ್ದರೆ 'ಗಿ', ಉದ್ದ ಇದ್ದರೆ 'ಗೀ'. ಮೊನ್ನೆ ಮೊನ್ನೆ ಹುಟ್ಟಿದ ಪದವನ್ನು ಕೊಟ್ಟರೂ ಮೂರೂವರೆ ವರ್ಷದ ಮಗು ಅದಕ್ಕೆ ಜೋಡಿ ಕಟ್ಟಿ ವಾಪಸ್ ಕೊಡುತ್ತದೆ. ಮೊಬೈಲು ಗಿಬೈಲು, ಪಾಸ್‌ವರ್ಡು ಗೀಸ್‌ವರ್ಡು, ಆಧಾರ್ ಗೀಧಾರ್. ಪಾಸ್‌ವರ್ಡು ಬಂದಾಗ ಅದರ ಜೋಡಿಯನ್ನು ಯಾವ ಸಮಿತಿಯೂ ಕೂತು ತೀರ್ಮಾನ ಮಾಡಿರಲಿಲ್ಲ. ಸಮಿತಿ ಕೂತಿದ್ದರೆ ಇಷ್ಟು ಹೊತ್ತಿಗೆ ಅವರ ಕಾಫಿ ಗೀಫಿಯ ಬಿಲ್ಲು ಮಾತ್ರ ಮಂಜೂರಾಗಿರುತ್ತಿತ್ತು.

ಈಗ ನಮ್ಮ ಅಂತರ್ಜಾಲದ ವ್ಯಾಕರಣ ಪೊಲೀಸರ ಕಡೆ ಬರೋಣ. ಇವರಿಗೆ ಸಂಬಳ ಇಲ್ಲ, ರಜೆಯೂ ಇಲ್ಲ. ಯಾವನೋ ರಾಜಕಾರಣಿ ವೇದಿಕೆ ಮೇಲೆ 'ಹಾಲು' ಅನ್ನುವ ಕಡೆ 'ಆಲು' ಅಂದರೆ ಸಾಕು, ಅರ್ಧ ಗಂಟೆಯಲ್ಲಿ ಅದರ ವಿಡಿಯೋ, ಅದಕ್ಕೆ ಹಿನ್ನೆಲೆ ಸಂಗೀತ, ಕೆಳಗೆ ನಗುವ ಮುಖಗಳ ಮೆರವಣಿಗೆ. ಆತ ಹಾಲಿನ ದರದ ಬಗ್ಗೆ ಏನು ಹೇಳಿದ ಅಂತ ಯಾರೂ ಕೇಳಿಸಿಕೊಂಡಿರುವುದಿಲ್ಲ. ಹಕಾರ ಹೋಯಿತಲ್ಲ, ನಾಡು ಮುಳುಗಿತಲ್ಲ!

ಸ್ವಾಮಿ, ನಿಮ್ಮ ಹಾಲು ಎಲ್ಲಿಂದ ಬಂತು? ಅದು ಹುಟ್ಟಿದ್ದು ಪಾಲಾಗಿ. ಹುಲಿ ಪುಲಿಯಾಗಿತ್ತು, ಹೂವು ಪೂವಾಗಿತ್ತು, ಹೊನ್ನು ಪೊನ್ನಾಗಿತ್ತು. ಹತ್ತನೇ ಶತಮಾನದ ಆಸುಪಾಸಿನಲ್ಲಿ ಜನ ಪದದ ಮೊದಲಲ್ಲಿರುವ 'ಪ'ವನ್ನು 'ಹ' ಮಾಡಲು ಶುರು ಮಾಡಿದರು. ಕೆಲವು ಶತಮಾನಗಳಲ್ಲಿ ಅದೇ ಸರಿಗನ್ನಡವಾಯಿತು. ಅವತ್ತು ಮೊಬೈಲ್ ಇದ್ದಿದ್ದರೆ 'ಪಾಲನ್ನು ಹಾಲು ಎಂದ ಸಾಮಂತ, ನೋಡಿ ನಗಿ' ಅಂತ ವಿಡಿಯೋ ಬಂದೇ ಬರುತ್ತಿತ್ತು. ಪಾಲು, ಹಾಲು, ಆಲು: ಒಂದೇ ರೂಟಿನ ಬಸ್ಸು, ಮೂರು ಸ್ಟಾಪು. ಎರಡನೇ ಸ್ಟಾಪಿನಲ್ಲಿ ಇಳಿದವರು ಮೂರನೇ ಸ್ಟಾಪಿನಲ್ಲಿ ಇಳಿಯುವವರನ್ನು ನೋಡಿ ನಗುತ್ತಿದ್ದಾರೆ.

ತಪ್ಪನ್ನು ತಿದ್ದಲೇಬೇಕು ಅನ್ನುವವರಿಗೆ ನನ್ನ ಪೂರ್ತಿ ಬೆಂಬಲ ಇದೆ. ಆದರೆ ಮೊದಲಿನಿಂದ ತಿದ್ದೋಣ. ಮೊದಲ ಕೇಸು ಹಂಪೆಯ ಮೇಲೆ. ಅದು ಪಂಪಾ ಕ್ಷೇತ್ರ. ಪಂಪೆಯನ್ನು ಹಂಪೆ ಮಾಡಿದ್ದು ಇದೇ ನಾಲಿಗೆ ಸರಿ ಇಲ್ಲದ ಜನ. ಅಷ್ಟು ಸಾಲದು ಅಂತ 1986ರಲ್ಲಿ ಯುನೆಸ್ಕೋದವರು ಆ ಅಪಭ್ರಂಶವನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿ ಕೂತಿದ್ದಾರೆ. ಪತ್ರ ಬರೆದು ತಿದ್ದಿಸಬೇಕು. ಆಮೇಲೆ ಎಣಿಕೆ. ಹತ್ತು ಮೊದಲು ಪತ್ತು. 'ಪ್ಪ' ಆಗಿ ಗಟ್ಟಿಯಾಗಿ ಅಂಟಿಕೊಂಡ ಕಡೆ ಅದು 'ಹ' ಆಗದೆ ತಪ್ಪಿಸಿಕೊಂಡಿತು. ಉಪ್ಪು, ತುಪ್ಪ, ಅಪ್ಪ ಹಾಗೇ ಉಳಿದರು. ಇಪ್ಪತ್ತು, ಎಪ್ಪತ್ತರ ಒಳಗೆ ಹಳೇ ಪತ್ತು ಇವತ್ತಿಗೂ ಕೂತಿದೆ. ಇದನ್ನು ಯಾರಾದರೂ ಕೂತು ಯೋಜನೆ ಹಾಕಿ ಮಾಡಿದ್ದರೆ ಹತ್ತು, ಇಹ್ಹತ್ತು ಅಂತ ಮಾಡಿಬಿಡುತ್ತಿದ್ದರೋ ಏನೋ. ಯಾರೂ ಮಾಡಲಿಲ್ಲ. ಲಕ್ಷಾಂತರ ಬಾಯಿಗಳು ಒಂದನ್ನೊಂದು ಕೇಳಿಸಿಕೊಂಡು ಹೋದವು, ಅಷ್ಟೇ.

ನಗುವುದರಿಂದ ಇನ್ನೊಂದು ಅನಾಹುತವೂ ಆಗುತ್ತದೆ. ಹಳ್ಳಿಯಿಂದ ಬಂದ ಹುಡುಗ ಒಂದು ಸಲ 'ಆಲು' ಅಂದು ನಗೆಪಾಟಲಾದ ಅಂದುಕೊಳ್ಳಿ. ಮುಂದೆ ಅವನು ಎಲ್ಲಾ ಕಡೆ ಹೆದರಿಕೊಂಡು ಹಕಾರ ಹಾಕುತ್ತಾನೆ. ಅಕ್ಕಿಯನ್ನೂ 'ಹಕ್ಕಿ' ಅನ್ನುತ್ತಾನೆ. ಅದಕ್ಕೂ ನಗುತ್ತಾರೆ. ಅವನ 'ಆಲು' ನಾಲಿಗೆಯ ಕೆಲಸ. ಆ 'ಹಕ್ಕಿ' ಮಾತ್ರ ನಕ್ಕವರದೇ ಕೊಡುಗೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗವೇ ಈ ವಿಷಯದಲ್ಲಿ ಕೈಚೆಲ್ಲಿತ್ತು. ದೇಸಿ ನುಡಿ ಒಂದೊಂದು ಕಡೆ ಒಂದೊಂದು ಥರ, ಅದರ ದೋಷ ಲೆಕ್ಕ ಹಾಕಲು ಹೋದರೆ ವಾಸುಕಿಗೂ ಬೇಸರ ಬಂದೀತು ಅನ್ನುವ ಅರ್ಥದ ಪದ್ಯ ಅದರಲ್ಲಿದೆ. ವಾಸುಕಿಗೆ ಬೇಸರ ಬರುವ ಕೆಲಸವನ್ನು ನಮ್ಮವರು ಒಂದು ಹೆಬ್ಬೆರಳಲ್ಲಿ ಮಾಡುತ್ತಿದ್ದಾರೆ.

ಪೊಲೀಸರು ಅಂದಾಗ ನೆನಪಾಯಿತು. 'ಕಳ್ಳನನ್ನು ಹಿಡಿದುಬಿಟ್ಟರು' ಅಂತೀವಿ. ಹಿಡಿದರೋ, ಬಿಟ್ಟರೋ? ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಿದರೆ ನಮ್ಮ ಕಾನೂನು ವ್ಯವಸ್ಥೆಯ ಬಗ್ಗೆ ತಪ್ಪು ತಿಳಿದಾರು (ಸರಿಯಾಗಿಯೇ ತಿಳಿದಾರು ಅಂತಲೂ ಅನ್ನಬಹುದು). 'ಇದ್ದೊಂದು ಸೈಟು ಮಾರಿಕೊಂಡ' ಅಂತೀವಿ. ಮಾರಿದ, ಸರಿ. ಕೊಂಡವನು ಬೇರೆಯವನಲ್ವಾ? ಬಿಡುವ ಬಿಡು, ಕೊಳ್ಳುವ ಕೊಳ್ಳು ದುಡಿದು ದುಡಿದು ಸವೆದು ಹೋಗಿ, ಬೇರೆ ಕ್ರಿಯಾಪದದ ಬಾಲಕ್ಕೆ ಅಂಟಿ, ತಮ್ಮ ಹಳೇ ಅರ್ಥ ಮರೆತು ಹೊಸ ನೌಕರಿಗೆ ಸೇರಿವೆ. ಒಂದಕ್ಕೆ ಕೆಲಸ ಮುಗಿಯಿತು ಅಂತ ಸೀಲು ಹಾಕುವ ಡ್ಯೂಟಿ, ಇನ್ನೊಂದಕ್ಕೆ ಫಲ ಮಾಡಿದವನ ತಲೆಗೇ ಬಂತು ಅಂತ ಹೇಳುವ ಡ್ಯೂಟಿ. ಧಾರವಾಡದ ಕಡೆ 'ಊಟ ಮಾಡಾಕತ್ತೀನಿ' (ಮಾಡಲಿಕ್ಕೆ ಹತ್ತಿದ್ದೇನೆ) ಅನ್ನುವವರು ಏನನ್ನೂ ಹತ್ತಿರುವುದಿಲ್ಲ, ಚಾಪೆ ಮೇಲೆ ಆರಾಮಾಗಿ ಕೂತಿರುತ್ತಾರೆ. ಮೈಸೂರಿನವರು ಅದೇ ಕೆಲಸಕ್ಕೆ 'ಇರು' ಹಿಡಿದುಕೊಂಡು 'ಮಾಡ್ತಾ ಇದೀನಿ' ಅಂದರು. ಎರಡು ಊರು, ಎರಡು ಬೇರೆ ಬೇರೆ ಪದ, ಅನ್ನ ಒಂದೇ. ಇದರಲ್ಲಿ ಯಾವುದು ಶುದ್ಧ ಅಂತ ಕೇಳುವವರಿಗೆ ಎರಡೂ ಕಡೆ ಊಟ ಹಾಕಬಾರದು.

'ಅಂತೆ' ಅನ್ನುವುದಕ್ಕಂತೂ ನಾನು ದಿನಾ ಕೈ ಮುಗಿಯುತ್ತೇನೆ. 'ಅವರ ಮಗ ಕೆಲಸ ಬಿಟ್ಟನಂತೆ.' ನಾನು ನೋಡಿಲ್ಲ, ಯಾರೋ ಹೇಳಿದರು, ನಾಳೆ ಸುಳ್ಳಾದರೆ ನನ್ನ ಕುತ್ತಿಗೆ ಹಿಡಿಯಬೇಡಿ, ಎಲ್ಲವೂ ಎರಡಕ್ಷರದಲ್ಲಿ ಮುಗಿಯಿತು. 'ಅನ್ನು' ಅನ್ನುವ ಕ್ರಿಯಾಪದದ ಮನೆತನದ್ದೇ ಇದು. ವಠಾರದ ಹೆಂಗಸರು ಇದನ್ನು ಎಷ್ಟು ಪ್ರಾಮಾಣಿಕವಾಗಿ ಬಳಸುತ್ತಾರೆ ಅಂದರೆ ಟಿವಿಯವರು ಅವರ ಹತ್ತಿರ ಒಂದು ವಾರ ಟ್ಯೂಷನ್ ತಗೊಳ್ಳಬೇಕು.

ಇಷ್ಟೆಲ್ಲಾ ಹೇಳಿ ಒಂದು ಜಾಗವನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಕಚೇರಿ. ಅಲ್ಲೂ ಬಳಸಿ ಬಳಸಿಯೇ ಒಂದು ವ್ಯಾಕರಣ ಬೆಳೆದಿದೆ. ಅದರ ಹೆಸರು '-ಲಾಗಿದೆ'. ತಿಳಿಸಲಾಗಿದೆ, ಕೋರಲಾಗಿದೆ, ಆದೇಶಿಸಲಾಗಿದೆ. ಮನೆಯಲ್ಲಿ ಯಾರಾದರೂ 'ಅನ್ನ ಬೇಯಿಸಲಾಗಿದೆ, ಊಟಕ್ಕೆ ಬರಲು ಕೋರಲಾಗಿದೆ' ಅಂದರೆ ಜ್ವರ ನೋಡುತ್ತೇವೆ. ಆದರೆ 'ರಸ್ತೆಯ ಗುಂಡಿಗಳನ್ನು ಮುಚ್ಚಲಾಗಿದೆ' ಅನ್ನುವ ವಾಕ್ಯವನ್ನು ನಿಧಾನವಾಗಿ ನೋಡಿ. ಯಾರು ಮುಚ್ಚಿದರು? ವಾಕ್ಯದಲ್ಲಿ ಯಾರೂ ಇಲ್ಲ. ಎಲ್ಲಿ ಮುಚ್ಚಿದರು? ರಸ್ತೆಯಲ್ಲೂ ಯಾರೂ ಇಲ್ಲ. ಬೇಕಾದದ್ದಕ್ಕೆ ತಕ್ಕ ರೂಪವನ್ನು ಬಳಸುವವರು ತಾವೇ ಕಂಡುಕೊಳ್ಳುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಸಿಕ್ಕಿಲ್ಲ. ಸಂತೆಯವನಿಗೆ ತಾನು ಕೊಟ್ಟದ್ದು ಕಾಣಬೇಕಿತ್ತು, 'ಕೊಟ್ಟೆ' ಅಂದ. ಕಚೇರಿಗೆ ಕರ್ತೃ ಕಾಣಬಾರದಿತ್ತು, 'ನೀಡಲಾಗಿದೆ' ಅಂತು. ಇದಕ್ಕೆ ಮಾತ್ರ ಯಾವ ವ್ಯಾಕರಣ ಪೊಲೀಸನೂ ವಿಡಿಯೋ ಮಾಡುವುದಿಲ್ಲ. ಕಾಗುಣಿತ ಸರಿ ಇದೆಯಲ್ಲ, ಸಾಕು.

ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕೋಣ ಅಂದೆ. ಹುಡುಗಿ ಬೇಡ ಅಂದಳು. ಒಂದು ಅಂಕ ತಾನೇ, ಬಿಡಿ ಚಿಕ್ಕಪ್ಪ, ಮುಂದಿನ ಸಲ ದೆಸೆಯಿಂದ ಅಂತಲೇ ಬರೀತೀನಿ ಅಂದಳು. ಆಮೇಲೆ ನಗುತ್ತಾ ಇನ್ನೊಂದು ಸುದ್ದಿ ಹೇಳಿದಳು. ಉತ್ತರಪತ್ರಿಕೆ ಹಂಚಿದ ದಿನವೇ ಊಟದ ಬಿಡುವಿನಲ್ಲಿ ಅವಳ ಕ್ಲಾಸಿನ ಹುಡುಗನೊಬ್ಬ ಶಾಲೆಯ ಹಿಂದಿನ ಸೀಬೆ ಮರ ಹತ್ತಿದ್ದಾನೆ. ಅದೇ ಕನ್ನಡ ಮಿಸ್ಸು ಕಿಟಕಿಯಿಂದ ನೋಡಿ ಗಾಬರಿಯಾಗಿ ಕೂಗಿದ್ದಾರೆ: "ಲೋ, ಮರದಿಂದ ಬಿದ್ದು ಗಿದ್ದು ಕೈ ಮುರ್ಕೊಂಡೀಯಾ, ಇಳಿಯೋ ಕೆಳಗೆ!"

ಹುಡುಗ ತಕ್ಷಣ ಇಳಿದನಂತೆ.