ಕೆಲಸದ ಗಂಟೆ ಮುಗಿದ ಮೇಲಿನ ಲಂಡನ್

ಲಂಡನ್ನಿನಲ್ಲಿ ಜೂನ್ ತಿಂಗಳು ಬಂತೆಂದರೆ ಹೋಟೆಲುಗಳಲ್ಲಿ ಬಡಿಸುವವರ ಮುಖಗಳು ಬದಲಾಗುತ್ತವೆ. ವಿಶ್ವವಿದ್ಯಾಲಯಗಳ ಪರೀಕ್ಷೆಗಳು ಮುಗಿದು ಮುಂದಿನ ವರ್ಷದ ತರಗತಿಗಳು ಶುರುವಾಗುವವರೆಗಿನ ಬಿಡುವಿನಲ್ಲಿ ವೈದ್ಯರ ಮಕ್ಕಳು, ವಕೀಲರ ಮಕ್ಕಳು, ಬಸ್ ಚಾಲಕರ ಮಕ್ಕಳು ಒಂದೇ ಬಗೆಯ ಕಪ್ಪು ಏಪ್ರನ್ ಕಟ್ಟಿಕೊಂಡು ಮೇಜಿನಿಂದ ಮೇಜಿಗೆ ಓಡಾಡುತ್ತಾರೆ. ಇದನ್ನು ಕಂಡ ನಮ್ಮವರು ಸಾಮಾನ್ಯವಾಗಿ ಆಡುವ ಮಾತು ಒಂದೇ: ಇಲ್ಲಿಯವರಿಗೆ ಯಾವ ಕೆಲಸವೂ ಕೀಳಲ್ಲ, ನಮ್ಮವರಿಗೆ ಪ್ರತಿಷ್ಠೆಯೇ ದೊಡ್ಡದು. ಬಹಳ ವರ್ಷಗಳಿಂದ ಈ ಊರಿನಲ್ಲಿ ನೆಲೆಸಿರುವ ನಾನು ಕನ್ನಡಿಗರ ಕೂಟಗಳಲ್ಲಿ ಈ ಮಾತನ್ನು ಬೇಕಾದಷ್ಟು ಸಲ ಕೇಳಿದ್ದೇನೆ, ಆದರೆ ಒಪ್ಪಿಲ್ಲ. ಇಲ್ಲಿಯ ವಿದ್ಯಾರ್ಥಿ ಸಂಕೋಚವಿಲ್ಲದೆ ತಟ್ಟೆ ಹಿಡಿಯುವುದಕ್ಕೆ ಜನರ ಮನಸ್ಸಿನ ಹಿರಿಮೆಗಿಂತ ಮುಖ್ಯವಾದ ಕಾರಣವೊಂದಿದೆ. ಅವನು ಮಾಡಿದ ಪ್ರತಿ ಗಂಟೆಗೂ ಲೆಕ್ಕವಿದೆ, ಆ ಲೆಕ್ಕದ ಹೊರಗಿನ ಗಂಟೆಗಳು ಅವನವೇ ಆಗಿರುತ್ತವೆ.

2025ರ ಬೇಸಿಗೆಯಲ್ಲಿ ಇದನ್ನು ನಮ್ಮ ಮನೆಯಲ್ಲೇ ಹತ್ತಿರದಿಂದ ನೋಡುವಂತಾಯಿತು. ಮೈಸೂರಿನ ನನ್ನ ಅಕ್ಕನ ಮಗಳು ಉತ್ತರ ಇಂಗ್ಲೆಂಡಿನ ನಗರವೊಂದರಲ್ಲಿ ಪದವಿ ಓದುತ್ತಿದ್ದಾಳೆ. ವಿದ್ಯಾರ್ಥಿ ವೀಸಾದಲ್ಲಿ ಪದವಿ ಓದುವವರು ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು, ರಜೆಯಲ್ಲಿ ಪೂರ್ಣಾವಧಿ ದುಡಿಯಲು ಅನುಮತಿಯಿದೆ. ಹಾಗಾಗಿ ಅವಳು ರಜೆಗೆ ನಮ್ಮ ಮನೆಗೆ ಬಂದು ಇಳಿದುಕೊಂಡು, ನಗರದ ನಡುಭಾಗದ ಒಂದು ರೆಸ್ಟೋರೆಂಟಿನಲ್ಲಿ ಬಡಿಸುವ ಕೆಲಸ ಹಿಡಿದಳು. ಸುದ್ದಿ ತಿಳಿದ ದಿನವೇ ಅಕ್ಕನ ಫೋನು ಬಂತು. "ಲಕ್ಷಗಟ್ಟಲೆ ಖರ್ಚು ಮಾಡಿ ಕಳಿಸಿರೋದು ಅವಳು ಎಂಜಲು ತಟ್ಟೆ ಎತ್ತಲಿ ಅಂತಾನೇನೋ? ನೆಂಟರು ಕೇಳಿದ್ರೆ ನಾನೇನು ಹೇಳ್ಲಿ?"

ಅಕ್ಕನ ಮಾತನ್ನು ಬರಿಯ ಒಣಜಂಬವೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಎಂಜಲಿನ ಬಗೆಗೆ ನಮ್ಮಲ್ಲಿರುವ ಅಳುಕಿಗೆ ಜಾತಿಯ ಬೇರಿದೆ, ಅದನ್ನು ಮುಚ್ಚಿಡಬಾರದು. ಆದರೆ ಅದರ ಜೊತೆಗೇ ಇನ್ನೊಂದು ತಿಳಿವಳಿಕೆಯೂ ಅವಳ ಮಾತಿನಲ್ಲಿತ್ತು. ನಮ್ಮೂರಿನಲ್ಲಿ ಸಪ್ಲೈಯರ್ ಆದವನು ಬೆಳಗಿನಿಂದ ರಾತ್ರಿಯವರೆಗೂ ಸಪ್ಲೈಯರ್ ಆಗಿಯೇ ಇರುತ್ತಾನೆ, ಅವನಿಗೆ ಓದಲು, ತಿರುಗಾಡಲು, ಬೇರೇನಾದರೂ ಆಗಲು ಸಮಯವೇ ಉಳಿಯುವುದಿಲ್ಲ. ಮಗಳೂ ಆ ಬದುಕಿನೊಳಗೆ ಕಾಲಿಟ್ಟಳೆಂದು ಅಕ್ಕ ಹೆದರಿದ್ದಳು, ಆ ಹೆದರಿಕೆ ಸುಳ್ಳಲ್ಲ.

ಕೆಲಸವೇನೂ ಹಗುರವಾಗಿರಲಿಲ್ಲ. ಮೊದಲ ವಾರ ಅವಳಿಗೆ ಮೇಜುಗಳನ್ನು ಕೊಡಲೇ ಇಲ್ಲ. ಅಡುಗೆಮನೆಯಿಂದ ತಟ್ಟೆ ಹೊರಬರುವ ಕಟ್ಟೆಯ ಬಳಿ ನಿಂತು, ಯಾವ ತಟ್ಟೆ ಯಾವ ನಂಬರಿನ ಮೇಜಿಗೆ, ಆ ಮೇಜಿನ ಯಾವ ಕುರ್ಚಿಗೆ ಎಂದು ಗುರುತಿಟ್ಟುಕೊಂಡು ಒಯ್ಯುವುದಷ್ಟೇ ಅವಳ ಪಾಲಿಗಿತ್ತು. ರಾತ್ರಿ ಮನೆಗೆ ಬಂದು ನಮ್ಮ ಸ್ಟೀಲ್ ತಟ್ಟೆಗಳನ್ನು ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದಳು. ಎಡಗೈಯ ಬೆರಳುಗಳ ನಡುವೆ ಒಂದು ತಟ್ಟೆ, ಅದರ ಅಂಚಿನ ಕೆಳಗೆ ಅಂಗೈಗೆ ಒತ್ತಿಕೊಂಡು ಇನ್ನೊಂದು, ಬಲಗೈಯಲ್ಲಿ ಮೂರನೆಯದು. ಇಷ್ಟಾದ ಮೇಲೆ ಮೆನುವಿನ ಪರೀಕ್ಷೆ. ಆಹಾರದಲ್ಲಿರುವ 14 ಬಗೆಯ ಅಲರ್ಜಿಕಾರಕ ಪದಾರ್ಥಗಳ ಮಾಹಿತಿಯನ್ನು ಗ್ರಾಹಕರಿಗೆ ಕೊಡಬೇಕೆಂದು ಇಲ್ಲಿಯ ಕಾನೂನು ಹೇಳುತ್ತದೆ. ಕಡಲೆಕಾಯಿ, ಎಳ್ಳು, ಸಾಸಿವೆ, ಹಾಲು, ಮೊಟ್ಟೆ ಎಲ್ಲವೂ ಆ ಪಟ್ಟಿಯಲ್ಲಿವೆ. ಎಳ್ಳು ಆಗದ ಗ್ರಾಹಕರೊಬ್ಬರಿಗೆ ಯಾವ ಸಾಸಿನಲ್ಲಿ ಎಳ್ಳಿದೆಯೆಂದು ತಪ್ಪಿಲ್ಲದೆ ಹೇಳಬೇಕಾದಾಗ ತನ್ನ ಕೈ ತಣ್ಣಗಾಗಿತ್ತೆಂದು ಅವಳು ಹೇಳಿದಳು. ಇದು ಯಾರು ಬೇಕಾದರೂ ಮಾಡಬಹುದಾದ ಕೆಲಸವೆಂದು ಹೇಳುವವರು ಒಂದು ಶನಿವಾರದ ಸಂಜೆ ಅಲ್ಲಿ ನಿಂತು ನೋಡಬೇಕು.

ಮೊದಲ ಸಂಬಳದ ಚೀಟಿಯನ್ನು ಅವಳು ಊಟದ ಮೇಜಿನ ಮೇಲೆ ಹರಡಿಟ್ಟಾಗ ನಾವಿಬ್ಬರೂ ಕೂತು ಸಾಲು ಸಾಲಾಗಿ ಓದಿದೆವು. ದುಡಿದ ಗಂಟೆಗಳು, ಗಂಟೆಯ ದರ, ರಜೆಯ ಬಾಬ್ತು, ಟಿಪ್ಸಿನ ಪಾಲು, ಒಂದೊಂದಕ್ಕೂ ಒಂದೊಂದು ಸಾಲು. 2025ರ ಏಪ್ರಿಲ್‌ನಿಂದ 18ರಿಂದ 20 ವಯಸ್ಸಿನವರಿಗೆ ಗಂಟೆಗೆ ಕನಿಷ್ಠ 10 ಪೌಂಡ್, 21 ತುಂಬಿದವರಿಗೆ 12.21 ಪೌಂಡ್ ಎಂದು ನಿಗದಿಯಾಗಿತ್ತು. ಒಂದೇ ತಟ್ಟೆಯನ್ನು ಹೊರುವ ಇಬ್ಬರಿಗೆ ವಯಸ್ಸಿನ ಮೇಲೆ ಬೇರೆ ಬೇರೆ ದರ ಕೊಡುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ, ಆದರೆ ದರ ಎಷ್ಟೆಂಬುದು ಮೊದಲೇ ಎಲ್ಲರಿಗೂ ತಿಳಿದಿರುತ್ತದೆ. ಆರು ಗಂಟೆಗಿಂತ ಹೆಚ್ಚು ದುಡಿದರೆ ನಡುವೆ 20 ನಿಮಿಷದ ಬಿಡುವು, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 11 ಗಂಟೆಯ ವಿಶ್ರಾಂತಿ. ಬಿಲ್ಲಿಗೆ ಸೇರಿಸುವ ಸರ್ವಿಸ್ ಚಾರ್ಜಿನಲ್ಲಿ ಮಾಲೀಕರು ಪಾಲು ಇಟ್ಟುಕೊಳ್ಳುತ್ತಾರೆಂಬ ದೂರು ಇಲ್ಲಿಯೂ ಬಹುಕಾಲ ಇತ್ತು. 2024ರ ಅಕ್ಟೋಬರ್ 1ರಂದು ಜಾರಿಗೆ ಬಂದ ಕಾಯ್ದೆಯ ಪ್ರಕಾರ ಟಿಪ್ಸಿನ ಪೂರ್ತಿ ಹಣವನ್ನು ಕಡಿತವಿಲ್ಲದೆ ಕೆಲಸಗಾರರಿಗೇ ಹಂಚಬೇಕು. ತಾನಾಗಿ ಬಂದ ಸಜ್ಜನಿಕೆ ಇದಲ್ಲ, ಕೆಲಸಗಾರರು ಕೇಳಿ ಕೇಳಿ ಪಡೆದದ್ದು.

ಅವಳಿಗೆ ಊರು ನೋಡಲು ಸಿಕ್ಕಿದ್ದು ಈ ಲೆಕ್ಕದಿಂದಲೇ. ಹಗಲಿನ ಪಾಳಿ ಸಂಜೆ ನಾಲ್ಕಕ್ಕೆ ಮುಗಿದರೆ ಅದು ಮುಗಿದಂತೆಯೇ. ಬೇಸಿಗೆಯ ನಡುವಿನಲ್ಲಿ ಲಂಡನ್ನಿನ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಅಂದರೆ ಒಂದು ದಿನ ಪೂರ್ತಿ ದುಡಿದ ಹುಡುಗಿಗೆ ಇನ್ನೂ ಐದು ಗಂಟೆಯ ಬೆಳಕು ಉಳಿದಿರುತ್ತದೆ. ಆ ಬೆಳಕನ್ನು ಅವಳು ವ್ಯರ್ಥ ಮಾಡಲಿಲ್ಲ. ಆಗ ಬಸ್ಸಿಗೆ 1.75 ಪೌಂಡ್ ಕೊಟ್ಟರೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ದುಡ್ಡು ಕೊಡಬೇಕಿರಲಿಲ್ಲ, ಹಾಗಾಗಿ ಮೇಲಂತಸ್ತಿನ ಮುಂದಿನ ಸೀಟು ಹಿಡಿದು ಗೊತ್ತಿಲ್ಲದ ಬಡಾವಣೆಗಳಿಗೆ ಹೋಗುತ್ತಿದ್ದಳು. 1820ರಲ್ಲಿ ಪೂರ್ಣಗೊಂಡ ರೀಜೆಂಟ್ಸ್ ಕಾಲುವೆಯ ದಡದ ಕಾಲುದಾರಿಯನ್ನು ಲಿಟಲ್ ವೆನಿಸ್‌ನಿಂದ ಲೈಮ್‌ಹೌಸ್‌ವರೆಗೆ ತುಂಡು ತುಂಡಾಗಿ ನಡೆದು ಮುಗಿಸಿದಳು. ಗ್ರೀನಿಚ್‌ನಲ್ಲಿ ಥೇಮ್ಸ್ ನದಿಯ ಕೆಳಗೆ ಹಾದುಹೋಗುವ 1902ರ ಸುರಂಗದೊಳಗೆ ನಡೆದು ಆಚೆ ದಡ ಸೇರಿದಳು. ನಾನು ಇಷ್ಟು ವರ್ಷ ಇದ್ದೂ ನೋಡದ ಬೀದಿಗಳ ಹೆಸರನ್ನು ಅವಳ ಬಾಯಿಂದ ಕೇಳಿದೆ. ಪ್ರವಾಸಿಗರಿಗೆ ಗೊತ್ತಿಲ್ಲದ ಒಂದು ದಾರಿಯೂ ಅವಳಿಗಿತ್ತು: ಜೊತೆಗೆ ದುಡಿಯುವವರ ಊರು. ಅಡುಗೆಮನೆಯ ಕೊಲಂಬಿಯಾದವರು ತೋರಿಸಿದ ಬೇಕರಿ, ಪಾತ್ರೆ ತೊಳೆಯುವ ಬಾಂಗ್ಲಾದೇಶದ ಹಿರಿಯರು ಹೇಳಿದ ವೈಟ್‌ಚಾಪೆಲ್ಲಿನ ಸಂತೆ, ಇವು ಯಾವ ಕೈಪಿಡಿಯಲ್ಲೂ ಸಿಗುವಂಥವಲ್ಲ.

ಇಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಕಾಯಂ ಪ್ರದರ್ಶನಗಳಿಗೆ 2001ರಿಂದ ಪ್ರವೇಶ ಶುಲ್ಕವಿಲ್ಲ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವಂತೂ ಶುಕ್ರವಾರ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ಅಂಥದೊಂದು ಶುಕ್ರವಾರ ಅವಳ ಜೊತೆ ನಾನೂ ಹೋಗಿದ್ದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಹೊತ್ತುತಂದ ಟಿಪ್ಪುವಿನ ಮರದ ಹುಲಿ ಅಲ್ಲಿದೆ. ಕೆಳಗೆ ಬಿದ್ದ ಐರೋಪ್ಯನ ಮೇಲೆ ಎರಗಿ ಕುತ್ತಿಗೆಗೆ ಬಾಯಿ ಹಾಕಿರುವ ಹುಲಿ, ಅದರ ಹೊಟ್ಟೆಯೊಳಗೆ ಗಾಳಿಯಿಂದ ನುಡಿಯುವ ವಾದ್ಯ. ದಿನವಿಡೀ ನಿಂತು ದುಡಿದ ಕಾಲು ನೋಯುತ್ತಿದ್ದರೂ ಅವಳು ಗಾಜಿನ ಸುತ್ತ ಮತ್ತೆ ಮತ್ತೆ ತಿರುಗಿದಳು. "ಮಾಮ, ಸ್ಕೂಲಿಂದ ದರಿಯಾ ದೌಲತ್‌ಗೆ ಎಷ್ಟು ಸಲ ಕರ್ಕೊಂಡು ಹೋಗಿದಾರೆ, ಇದು ಇಲ್ಲಿದೆ ಅಂತ ಒಬ್ರೂ ಹೇಳ್ಲಿಲ್ಲ" ಎಂದಳು. ಹೊರಡುವ ಮುನ್ನ ಇನ್ನೊಂದು ಸಂಜೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನೂ ನೋಡಿಬಂದೆವು. ಕಾಯಕದ ಮಾತನ್ನು ನಮ್ಮ ನಾಡು ಎಂಟು ನೂರು ವರ್ಷಗಳಿಗೂ ಹಿಂದೆಯೇ ಆಡಿತ್ತು, ಬಡಿಸುವ ಹುಡುಗನ ಕಾಯಕವೂ ಅದರಲ್ಲಿ ಸೇರಿತ್ತು.

ಲಂಡನ್ನನ್ನು ಹೊಗಳಿಯೇ ಮುಗಿಸಿದರೆ ಅದು ನಿಜವಾಗುವುದಿಲ್ಲ. ಅವಳಿಗೆ ಇಳಿದುಕೊಳ್ಳಲು ನಮ್ಮ ಮನೆಯಿತ್ತು. ಈ ಊರಿನ ಬಾಡಿಗೆಯನ್ನು ತಾನೇ ಕಟ್ಟಬೇಕಾಗಿದ್ದರೆ ಆ ಸಂಬಳದಲ್ಲಿ ಉಳಿತಾಯದ ಮಾತೇ ಇರುತ್ತಿರಲಿಲ್ಲ. ಇಂತಿಷ್ಟು ಗಂಟೆ ಕೊಟ್ಟೇ ಕೊಡುತ್ತೇವೆಂಬ ಖಾತರಿಯಿಲ್ಲದ ಕರಾರುಗಳು ಹೋಟೆಲುಗಳಲ್ಲಿ ಬಹಳ, ಗಿರಾಕಿ ಕಡಿಮೆಯಾದ ವಾರ ಗಂಟೆಯೂ ಕಡಿಮೆ. ಮನೆ ನಡೆಸುವವರಿಗೆ ಇದು ದೊಡ್ಡ ಸಂಕಟ. ವಿದ್ಯಾರ್ಥಿಯ ಒಂದು ಬೇಸಿಗೆಯನ್ನು ಇಡೀ ಬದುಕು ಅದೇ ಕೆಲಸದಲ್ಲಿರುವವರ ಪಾಡಿನ ಜೊತೆ ಸಮ ಮಾಡಿ ನೋಡುವುದು ಸರಿಯಲ್ಲ.

ಆದರೂ ಬೆಂಗಳೂರಿಗೆ ಬಂದಾಗಲೆಲ್ಲ ನನ್ನ ಮನಸ್ಸು ಹೋಲಿಕೆಗೆ ಇಳಿಯುತ್ತದೆ. ಗಾಂಧಿನಗರದ ಹೋಟೆಲೊಂದರಲ್ಲಿ ಕುಂದಾಪುರದ ಕಡೆಯ ಸಪ್ಲೈಯರ್ ಹುಡುಗನೊಬ್ಬನನ್ನು ಮಾತಾಡಿಸಿದ್ದೆ. ಬೆಳಗಿನ ಇಡ್ಲಿಗೆ ಮೊದಲೇ ಎದ್ದು, ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಮಹಡಿಯ ಕೋಣೆಯಲ್ಲಿ ಮಲಗುವ ಅವನು ಊರು ಬಿಟ್ಟು ಬಂದು ಎರಡು ವರ್ಷವಾಗಿದ್ದರೂ, ಕೆಲವೇ ಕಿಲೋಮೀಟರ್ ದೂರದ ಲಾಲ್‌ಬಾಗನ್ನು ನೋಡಿರಲಿಲ್ಲ. ಊಟ, ವಸತಿ ಮಾಲೀಕರದೇ, ಹುಷಾರಿಲ್ಲದಾಗ ಆಸ್ಪತ್ರೆಗೂ ಅವರೇ ಕಳಿಸುತ್ತಾರೆಂದು ಅವನು ಕೃತಜ್ಞತೆಯಿಂದಲೇ ಹೇಳಿದ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ನಮ್ಮ ಎಷ್ಟೋ ಹೋಟೆಲ್ ಮಾಲೀಕರು ಕ್ಲೀನರ್ ಆಗಿಯೇ ಶುರು ಮಾಡಿದವರು. ಆದರೆ ಊಟ, ವಸತಿ ಕೊಟ್ಟ ಮಾತ್ರಕ್ಕೆ ಇಡೀ ದಿನ ಅವರದಾಗಬಾರದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಷ್ಟು ಹಳೆಯದು. ದಿನಕ್ಕೆ ಒಂಬತ್ತು, ವಾರಕ್ಕೆ 48 ಗಂಟೆಯ ಮಿತಿಯೂ ವಾರದ ರಜೆಯೂ ಅದರಲ್ಲಿವೆ. ಕೊರತೆಯಿರುವುದು ಕಾನೂನಿನಲ್ಲಲ್ಲ, ಅದನ್ನು ಕೇಳುವವರಲ್ಲಿ ಮತ್ತು ನೋಡಿಕೊಳ್ಳುವವರಲ್ಲಿ.

ನಮ್ಮವರಿಂದ ಇದು ಆಗದೆಂದು ಹೇಳುವವರು ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನು ನೆನೆಯಬೇಕು. ಕರಾವಳಿಯಿಂದ ಹೊರಟು ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆಯಲು ಸೇರಿದ ಹುಡುಗರು ಹಗಲೆಲ್ಲ ದುಡಿದು ಸಂಜೆ ಸ್ಲೇಟು ಹಿಡಿದರು, ಅವರಿಗಾಗಿ ಹೊರನಾಡ ಕನ್ನಡಿಗರೇ ಶಾಲೆ ಕಟ್ಟಿದರು. ಅಲ್ಲಿ ಓದಿದವರು ಬ್ಯಾಂಕು ಸೇರಿದರು, ವಕೀಲರಾದರು, ಸ್ವಂತ ಹೋಟೆಲು ಇಟ್ಟರು. ಸಂಜೆಯ ಎರಡು ಗಂಟೆ ಹುಡುಗನದೆಂದು ಒಪ್ಪಿ ಬಿಟ್ಟುಕೊಟ್ಟ ಮಾಲೀಕರಿಲ್ಲದಿದ್ದರೆ ಆ ಶಾಲೆಗಳು ನಡೆಯುತ್ತಿರಲಿಲ್ಲ. ತಟ್ಟೆ ಎತ್ತಿದ ಕೈಗಳೇ ಪುಸ್ತಕ ಹಿಡಿದ ಈ ಚರಿತ್ರೆಯನ್ನು ಅಕ್ಕನಿಗೆ ಹೇಳಿದಾಗ ಅವಳು ಬಹಳ ಹೊತ್ತು ವಾದ ಮಾಡಲಿಲ್ಲ.

ಈಗ ನನ್ನ ಅಕ್ಕನ ಮಗನ ಸರದಿ. ಪಿಯುಸಿ ಮುಗಿಸಿ ಸಿಇಟಿ ಬರೆದು ಫಲಿತಾಂಶಕ್ಕೆ ಕಾಯುವ ಬಿಡುವಿನಲ್ಲಿ, ಲಂಡನ್ನಿನಲ್ಲಿ ದುಡಿದ ತನ್ನ ಅಕ್ಕನಂತೆ ತಾನೂ ಬೆಂಗಳೂರಿನಲ್ಲಿ ಬಡಿಸುವ ಕೆಲಸ ಮಾಡಿ ಊರು ನೋಡುತ್ತೇನೆಂದು ಅವನು ಹಟ ಹಿಡಿದ. ಕೇಳಿದ ಕಡೆಗಳಲ್ಲೆಲ್ಲ ಮರ್ಯಾದೆಯಿಂದಲೇ ಮಾತಾಡಿಸಿದರು, ಇರುವುದಾದರೆ ದಿನಪೂರ್ತಿ ಇರು ಎಂದರು. ನಾಲ್ಕು ಗಂಟೆಯ ಕೆಲಸಕ್ಕೆ ಸಂಬಳ ಹೇಗೆ ಲೆಕ್ಕ ಹಾಕುವುದೆಂದು ಒಬ್ಬ ಮಾಲೀಕರು ನಿಜವಾಗಿಯೂ ತಿಳಿಯದೆ ಕೇಳಿದರಂತೆ. ಅವರಿಗೆ ಉತ್ತರವಿದೆ. ಹೋಟೆಲ್ ಉದ್ಯಮಕ್ಕೆ ರಾಜ್ಯ ಸರ್ಕಾರ ಕನಿಷ್ಠ ವೇತನ ನಿಗದಿ ಮಾಡುತ್ತದೆ. ಆ ತಿಂಗಳ ಮೊತ್ತವನ್ನು 26 ದಿನಗಳಿಗೂ, ಬಂದದ್ದನ್ನು ಎಂಟು ಗಂಟೆಗಳಿಗೂ ಹಂಚಿದರೆ ಒಂದು ಗಂಟೆಯ ದರ ಸಿಗುತ್ತದೆ. ಬೆಳಗಿನ ತಿಂಡಿಯ ಹೊತ್ತಿಗೆ ನಾಲ್ಕು ಗಂಟೆ, ಸಂಜೆಯ ಜನಜಂಗುಳಿಗೆ ನಾಲ್ಕು ಗಂಟೆ ಎಂದು ಆ ದರವನ್ನು ಗಲ್ಲಾದ ಪಕ್ಕದ ಫಲಕದಲ್ಲಿ ಬರೆದು ಹಾಕುವ ಹೋಟೆಲು ಬೆಂಗಳೂರಿನಲ್ಲಿ ಒಂದಾದರೂ ಮೊದಲಾಗಲಿ, ಬರುವ ಏಪ್ರಿಲ್‌ನಲ್ಲಿ ಅದರ ಬಾಗಿಲಿಗೆ ವಿದ್ಯಾರ್ಥಿಗಳು ಬರುತ್ತಾರೆ. ಈಗಾಗಲೇ ಅಲ್ಲಿ ದುಡಿಯುತ್ತಿರುವ ಕುಂದಾಪುರದ ಹುಡುಗನಿಗೂ ಅದೇ ಫಲಕದ ಲೆಕ್ಕವೇ ಅನ್ವಯಿಸಬೇಕು.