ಅಪರೂಪದ ಹೆಸರು ಬೇಕಾಗಿದೆ, ಅರ್ಥ ಆಮೇಲೆ ನೋಡೋಣ

ಮೈಸೂರು, ಮಂಡ್ಯದ ಕಡೆ ಮಗುವಿಗೆ ಹೆಸರಿಡುವ ಕೆಲಸ ಈಗ ಸೈಟು ಕೊಳ್ಳುವುದಕ್ಕಿಂತ ಕಷ್ಟ ಆಗಿಬಿಟ್ಟಿದೆ. ಷರತ್ತುಗಳನ್ನು ಸ್ವಲ್ಪ ಕೇಳಿ. ಹೆಸರು ಯುನೀಕ್ ಆಗಿರಬೇಕು. ಬೀದಿಯಲ್ಲಿ, ಆಫೀಸಿನಲ್ಲಿ, ಓರಗಿತ್ತಿಯ ತವರುಮನೆಯಲ್ಲಿ ಯಾರಿಗೂ ಇರಬಾರದು. ಎರಡು ಅಕ್ಷರ, ಹೆಚ್ಚೆಂದರೆ ಮೂರು. ಮೂಲ ಸಂಸ್ಕೃತವೇ ಇರಬೇಕು, ಆದರೆ ಕಿವಿಗೆ ಬಿದ್ದರೆ ಇಟಲಿಯದ್ದು ಅನ್ನಿಸಬೇಕು. ನಾಳೆ ಮಗು ಅಮೆರಿಕಕ್ಕೆ ಹೋದಾಗ ಅಲ್ಲಿಯವರಿಗೆ ಕರೆಯೋಕೆ ಸುಲಭ ಆಗಬೇಕು. ಮದ್ದೂರಿನ ಅಜ್ಜಿಗೆ ನಾಲಿಗೆ ತಿರುಗದಿದ್ದರೆ ಪರವಾಗಿಲ್ಲ, ಅಜ್ಜಿ ಅಡ್ಜಸ್ಟ್ ಮಾಡ್ಕೋತಾರೆ. ಮಗುವಿನ ಹೊಕ್ಕುಳಬಳ್ಳಿ ಇನ್ನೂ ಬಿದ್ದಿಲ್ಲ, ಆಗಲೇ ನ್ಯೂಜೆರ್ಸಿಯ ಯಾವನೋ ಮ್ಯಾನೇಜರಿನ ನಾಲಿಗೆಯ ಚಿಂತೆ!

ಇದರ ಜೊತೆಗೆ ನಕ್ಷತ್ರದ ಅಕ್ಷರ. 27 ನಕ್ಷತ್ರ, ಒಂದೊಂದಕ್ಕೂ 4 ಪಾದ, ಒಟ್ಟು 108 ಅಕ್ಷರ. ಅಶ್ವಿನಿಯಲ್ಲಿ ಹುಟ್ಟಿದರೆ ಚು, ಚೇ, ಚೋ, ಲಾ. ಅದೇನೋ ಸರಿ, ಚೇತನ್ ಅಂತಲೋ ಲಾವಣ್ಯ ಅಂತಲೋ ಇಟ್ಟು ಮುಗಿಸಬಹುದು. ಆರಿದ್ರಾ ಮೂರನೇ ಪಾದದಲ್ಲಿ ಹುಟ್ಟಿದ ಮಗುವಿನ ಗತಿ ನೋಡಿ. ಅದರ ಪಾಲಿಗೆ ಬರುವುದು 'ಙ'. ಹಸ್ತದ ಮೂರನೇ ಪಾದಕ್ಕೆ 'ಣ'. ನಾವೆಲ್ಲ ಒಂದನೇ ಕ್ಲಾಸಿನಲ್ಲಿ ಕ ಖ ಗ ಘ ಙ ಅಂತ ಕಿರುಚಿ, ಆ ಕೊನೇ ಅಕ್ಷರವನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ಬಂದವರು. ಹಿಂದೆ ಇಂಥ ಕಡೆ ಪುರೋಹಿತರೇ 'ಙ ಬದಲು ಗ ಇಡಿ' ಅಂತ ದಾರಿ ತೋರಿಸಿ ದಕ್ಷಿಣೆ ತಗೊಂಡು ಹೋಗುತ್ತಿದ್ದರು. ಈಗಿನ ಅಪ್ಪ ಅಮ್ಮ ಕೇಳಬೇಕಲ್ಲ! ಗ ಅಂದರೆ ಗಂಗಮ್ಮ, ಗೌರಮ್ಮ, ಎಲ್ಲರ ಮನೆಯಲ್ಲೂ ಇದ್ದಾರೆ. ಙ ಅಂದರೆ ಇಡೀ ಕುವೆಂಪುನಗರದಲ್ಲಿ ಯಾರಿಗೂ ಇಲ್ಲ. ರಾತ್ರಿ ಹನ್ನೆರಡಕ್ಕೆ ಮಗು ಒಂದು ಕಡೆ ಅಳುತ್ತಿರುತ್ತೆ, ಅಪ್ಪ ಇನ್ನೊಂದು ಕಡೆ ಮೊಬೈಲಿನಲ್ಲಿ 'ಙ ಅಕ್ಷರದ ಮುದ್ದಾದ ಮಾಡರ್ನ್ ಹೆಸರುಗಳು' ಅಂತ ಟೈಪ್ ಮಾಡೋಕೆ ಒದ್ದಾಡುತ್ತಿರುತ್ತಾನೆ. ಕೀಬೋರ್ಡಿನಲ್ಲಿ ಆ ಅಕ್ಷರ ಎಲ್ಲಿದೆ ಅಂತಲೇ ಗೊತ್ತಿಲ್ಲ ಪಾಪ.

ಆಮೇಲೆ ಸಂಖ್ಯಾಶಾಸ್ತ್ರದವರ ಸರದಿ. ಇವರು ಇಂಗ್ಲಿಷ್ ಅಕ್ಷರಗಳಿಗೆ 1ರಿಂದ 8ರವರೆಗೆ ನಂಬರ್ ಕೊಟ್ಟು ಕೂಡಿಸುತ್ತಾರೆ. ಪದ್ಧತಿಯ ಹೆಸರು ಕೇಳಿದರೆ ಚಾಲ್ಡಿಯನ್, ಬ್ಯಾಬಿಲೋನಿನ ಕಾಲದ್ದು ಅನ್ನುತ್ತಾರೆ. ಬ್ಯಾಬಿಲೋನಿನವರು ಬರೆಯುತ್ತಿದ್ದದ್ದು ಮಣ್ಣಿನ ಹಲಗೆಯ ಮೇಲೆ ಮೊಳೆಯಂಥ ಗೀರುಗಳನ್ನು, ಅವರಿಗೆ ಎ ಗೊತ್ತಿಲ್ಲ ಬಿ ಗೊತ್ತಿಲ್ಲ. ಇರಲಿ ಬಿಡಿ. ಲೆಕ್ಕ ಕೂಡದಿದ್ದರೆ ಒಂದು ಎ ಜಾಸ್ತಿ, ಒಂದು ಎಚ್ ಜಾಸ್ತಿ, ಕೊನೆಯಲ್ಲಿ ಒಂದು ವೈ. ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಆ ಎಚ್ಚು ಕನ್ನಡದಲ್ಲಿ ಬರೆಯುವಷ್ಟರಲ್ಲಿ ಮಾಯ. ಅಂದರೆ ಇಂಗ್ಲಿಷಿನಲ್ಲಿ ಕರೆದಾಗ ಮಾತ್ರ ಅದೃಷ್ಟ. ಕನ್ನಡದಲ್ಲಿ ಕರೆದರೆ ಮಗು ಹಳೇ ಗ್ರಹಚಾರವನ್ನೇ ಅನುಭವಿಸಬೇಕು.

ಅರ್ಥದ ಕಥೆಯಂತೂ ಕೇಳಲೇಬೇಡಿ. ಒಂದು ವೆಬ್‌ಸೈಟು ಬರೆದದ್ದನ್ನು ಇನ್ನೊಂದು ಎತ್ತಿಕೊಳ್ಳುತ್ತೆ, ಅದನ್ನು ಮತ್ತೊಂದು. ಜೊತೆಗೆ ಲಕ್ಕಿ ಬಣ್ಣ, ಲಕ್ಕಿ ಕಲ್ಲು, ಮಗುವಿನ ಸ್ವಭಾವ, ಎಲ್ಲ ಪುಕ್ಕಟೆ. ಆರವ್ ಅಂದರೆ 'ಶಾಂತ ಸ್ವಭಾವದವನು' ಅಂತ ಹಾಕಿರುತ್ತಾರೆ. ಸಂಸ್ಕೃತದಲ್ಲಿ ಆರವ ಅಂದರೆ ಕೂಗು, ಗದ್ದಲ. ಹಕ್ಕಿಗಳ ಕಲರವ ಅನ್ನುತ್ತೀವಲ್ಲ, ಅದೇ ರವ. ಶಾಂತವಾಗಿರಲಿ ಅಂತ ಮಗುವಿಗೆ ಅರಚಾಟ ಅಂತಲೇ ಹೆಸರಿಟ್ಟು, ಆಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ ಅಂತ ಅತ್ತರೆ ಯಾರೇನು ಮಾಡೋಕಾಗುತ್ತೆ? ಅನಯಾ ಅಂದರೆ 'ಕಾಳಜಿ' ಅಂತೆ. ಕಾಳಜಿ ಅನ್ನುವ ಅರ್ಥ ಇರುವುದು ಅರಬ್ಬಿಯ ಇನಾಯಾಗೆ. ನಮ್ಮ ಕಡೆಯ ಅನಯ ಅಂದರೆ ನಯ ಇಲ್ಲದ್ದು, ಅನೀತಿ. ಕಿಯಾರಾ ಇನ್ನೂ ಚೆಂದ. ಇಟಲಿಯ ಕಿಯಾರಾಗೆ ಬೆಳಕು, ತಿಳಿ ಅಂತ ಅರ್ಥ, ಐರ್ಲೆಂಡಿನಲ್ಲಿ ಅಂಥದ್ದೇ ಹೆಸರಿಗೆ ಕಪ್ಪು ಅಂತ. ಬೆಳಕೂ ಹೌದು, ಕತ್ತಲೂ ಹೌದು. ನಮ್ಮೂರಿನ ಕರೆಂಟಿಗೂ ಇದನ್ನೇ ಇಡಬಹುದಿತ್ತು.

ಇವರೆಲ್ಲರ ರಾಜ ರೇಯಾಂಶ್. 'ಬೆಳಕಿನ ಕಿರಣದ ಅಂಶ' ಅಂತ ಅರ್ಥ ಕೊಟ್ಟಿರುತ್ತಾರೆ. ಅಂಶ ಏನೋ ಸಂಸ್ಕೃತವೇ, ಆ ಕಿರಣ ಎಲ್ಲಿಂದ ಬಂತು ಅಂತ ಹುಡುಕಿದರೆ ಇಂಗ್ಲಿಷಿನ ರೇ! ಅರ್ಧ ಕಾನ್ವೆಂಟು, ಅರ್ಧ ಪಾಠಶಾಲೆ. ಇಂಥ ಹೆಸರನ್ನು 'ವೇದಕಾಲದ್ದು' ಅಂತ ಮಾವನಿಗೆ ಹೇಳಿ ಒಪ್ಪಿಸಿದವರೂ ಇದ್ದಾರೆ.

ಜನಪ್ರಿಯತೆಯ ರ‍್ಯಾಂಕು ಬೇರೆ ಇರುತ್ತೆ. ಭಾರತದಲ್ಲಿ ವರ್ಷಕ್ಕೆ ಎಷ್ಟು ಮಕ್ಕಳಿಗೆ ಯಾವ ಹೆಸರು ಇಟ್ಟರು ಅಂತ ಸರ್ಕಾರ ಪಟ್ಟಿ ಬಿಡುವ ಪದ್ಧತಿ ಇಲ್ಲ. ಅಮೆರಿಕದ ಸೋಷಿಯಲ್ ಸೆಕ್ಯೂರಿಟಿ ಇಲಾಖೆ ಬಿಡುತ್ತೆ, 1880ರಿಂದ ಈಚೆಗಿನ ಲೆಕ್ಕ ಅವರ ಹತ್ತಿರ ಸಿಗುತ್ತೆ, ವರ್ಷಕ್ಕೆ 5 ಮಕ್ಕಳಿಗಿಂತ ಕಡಿಮೆ ಇಟ್ಟ ಹೆಸರನ್ನು ಮಾತ್ರ ಹೊರಗೆ ಹಾಕುವುದಿಲ್ಲ. ಹಾಗಾಗಿ ಮಂಡ್ಯದ ವಿದ್ಯಾನಗರದಲ್ಲಿ ಕೂತವರು ಮಗನ ಹೆಸರು ಅಪರೂಪವೋ ಅಲ್ಲವೋ ಅಂತ ತಿಳಿಯೋಕೆ ಟೆಕ್ಸಾಸಿನ ಮಕ್ಕಳನ್ನು ಎಣಿಸುತ್ತಿದ್ದಾರೆ. ಅಲ್ಲಿ ಅಪರೂಪ ಅಂತ ಖಾತ್ರಿಯಾದ ಮೇಲೆ ಅದ್ವಿಕ್ ಅಂತ ಇಡುತ್ತಾರೆ, ಅರ್ಥ 'ಅದ್ವಿತೀಯ'. ಎಲ್‌ಕೆಜಿಗೆ ಸೇರಿಸೋಕೆ ಹೋದರೆ ಅಲ್ಲಿ ಆಗಲೇ ಇಬ್ಬರು ಅದ್ವಿತೀಯರು ಮೂಗು ಸೋರಿಸಿಕೊಂಡು ಕೂತಿರುತ್ತಾರೆ. ಎಲ್ಲರೂ ಹುಡುಕಿದ್ದು ಒಂದೇ ಪುಟದಲ್ಲಿ ಅಲ್ವಾ?

ಆ ಅಮೆರಿಕದ ಪಟ್ಟಿಯ ಲೆಕ್ಕದಲ್ಲೇ ಹೋದರೆ ನಿಜವಾದ ಯುನೀಕ್ ಹೆಸರು ಬೋರೇಗೌಡ. ಟೆಕ್ಸಾಸಿನಲ್ಲಿ ಹುಡುಕಿದರೂ ಸಿಗಲ್ಲ, ಈಗ ಎಲ್‌ಕೆಜಿಯಲ್ಲೂ ಸಿಗಲ್ಲ. ನಿಂಗಮ್ಮ, ಚಿಕ್ಕತಾಯಮ್ಮ, ಮಂಟಯ್ಯ ಎಲ್ಲ ಅದೇ ಸಾಲು. ಈ ಹೆಸರುಗಳ ಅರ್ಥಕ್ಕೆ ಯಾರೂ ವೆಬ್‌ಸೈಟು ನೋಡಬೇಕಾಗಿರಲಿಲ್ಲ. ಚಲುವಯ್ಯ ಅಂದರೆ ಮೇಲುಕೋಟೆ ಚಲುವನಾರಾಯಣನ ಒಕ್ಕಲು. ನಂಜಯ್ಯ ನಂಜನಗೂಡಿನವನದು, ರಂಗಮ್ಮ ಶ್ರೀರಂಗಪಟ್ಟಣದ್ದು, ಮಾದಪ್ಪ ಏಳುಮಲೆಯದು, ಮಂಟಯ್ಯ ಮಂಟೇಸ್ವಾಮಿಯದು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ತಿಪ್ಪಯ್ಯ, ಕಲ್ಲಯ್ಯ ಅಂತ ಇಡುತ್ತಿದ್ದರು, ಯಮ ಕೂಡ ಇದ್ಯಾವುದೋ ಕೆಲಸಕ್ಕೆ ಬಾರದ್ದು ಅಂತ ಬಿಟ್ಟುಹೋಗಲಿ ಅಂತ. ಅಷ್ಟು ದೊಡ್ಡ ಭಯಕ್ಕೆ ಇಟ್ಟ ಹೆಸರನ್ನು ಈಗ ವಾಟ್ಸಾಪಿನಲ್ಲಿ ಜೋಕು ಮಾಡುತ್ತಾರೆ. ನನಗಂತೂ ರೇಯಾಂಶ್ ಅಂದಾಗಲೇ ಜಾಸ್ತಿ ನಗು ಬರುವುದು.

ಹೆಸರು ಸಿಗದವರಿಗೆ ಕಾನೂನು ಟೈಮು ಕೊಟ್ಟಿದೆ, ಅದನ್ನೂ ಹೇಳಿಬಿಡ್ತೀನಿ. ಹೆಸರಿಲ್ಲದೆಯೂ ಜನನ ನೋಂದಣಿ ಮಾಡಿಸಬಹುದು. 12 ತಿಂಗಳ ಒಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ, ಆಮೇಲೆ ತಡವಾದದ್ದಕ್ಕೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ಎಸ್ಸೆಸ್ಸೆಲ್ಸಿ ಹತ್ತಿರಕ್ಕೆ ಬಂದ ಹುಡುಗಿ ಆ ಹೊತ್ತಿಗೆ ತಾನೇ ಒಂದು ಙ ಹುಡುಕಿಕೊಂಡಾಳು. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಸ್ಕೂಲಿಗೂ ಆಧಾರಿಗೂ ಜನನ ಪ್ರಮಾಣಪತ್ರವೇ ಗತಿ. ಅದರಲ್ಲಿ ಎಷ್ಟು ಎ, ಎಷ್ಟು ಎಚ್ ಅಂತ ಒಂದು ಸಲ ಅಚ್ಚಾಯಿತೋ, ಸಂಖ್ಯಾಶಾಸ್ತ್ರದವರು ಆಮೇಲೆ ಮನಸ್ಸು ಬದಲಾಯಿಸಿದರೆ ಕಚೇರಿ ಸುತ್ತುವವರು ನೀವೇ.

ಮೊನ್ನೆ ಮಂಡ್ಯದ ಕಲ್ಯಾಣ ಮಂಟಪವೊಂದರಲ್ಲಿ ನಾಮಕರಣ. ಈಗ ಕಿವಿಯಲ್ಲಿ ಮೆಲ್ಲಗೆ ಹೆಸರು ಹೇಳಿದರೆ ಸಾಲದು, ನೇಮ್ ರಿವೀಲ್ ಆಗಬೇಕು. ಆಂಕರ್ ಬಂದಿದ್ದಳು, ದೊಡ್ಡ ಎಲ್‌ಇಡಿ ಪರದೆ ಇತ್ತು, ಬಲೂನು ಢಂ ಅಂತು, ಪರದೆಯ ಮೇಲೆ ಹೊಳೆಯುವ ಇಂಗ್ಲಿಷ್ ಅಕ್ಷರದಲ್ಲಿ ಶನಾಯಾ ಅಂತ ಮೂಡಿತು, ಎರಡು ಎ ಜಾಸ್ತಿ ಹಾಕಿ. ಎಲ್ಲರೂ ಚಪ್ಪಾಳೆ. ಆಂಕರ್ ಓಡಿಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಮುತ್ತಜ್ಜಿಯ ಬಾಯಿಗೆ ಮೈಕು ಹಿಡಿದಳು. "ಅಜ್ಜಿ, ಪಾಪು ಹೆಸ್ರು ಕರೀರಿ."

ಅಜ್ಜಿ ಮೈಕನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಶನಯ್ಯ," ಅಂದರು. ಆಮೇಲೆ ಮಗುವಿನ ಕಡೆ ತಿರುಗಿ ನೋಡಿ, "ಹೆಣ್ಮಗ ಅಂದ್ರಲ್ಲವ್ವ?"

ಮೊಮ್ಮಗ ಬೆವರು ಒರೆಸಿಕೊಳ್ಳುತ್ತಾ ಬಂದ. "ಶನಯ್ಯ ಅಲ್ಲ ಅಜ್ಜಿ, ಶನಾಯಾ. ಸೂರ್ಯನ ಮೊದಲ ಕಿರಣ ಅಂತ ಅರ್ಥ, ನೆಟ್ಟಲ್ಲಿದೆ."

ಊರ ಹಬ್ಬದಲ್ಲಿ ರಾತ್ರಿಯೆಲ್ಲ ಕೂತು ಶನಿ ಮಹಾತ್ಮೆ ನಾಟಕ ನೋಡಿದ ಜೀವ ಅದು. ಮೈಕು ಇನ್ನೂ ಆನ್ ಇತ್ತು. "ಗೊತ್ತು ಕನ ಮಗ, ಶನಿದೇವ್ರು ಸೂರ್ಯನ ಮಗನೇ ಅಲ್ವಾ. ಶನಿವಾರ ಶನಿವಾರ ತಪ್ಪಿಸ್ದೆ ಎಳ್ಳುಬತ್ತಿ ಹಚ್ಚುಸ್ಕಂಡ್ ಬನ್ನಿ, ಏನೂ ಆಗಕಿಲ್ಲ."