ಮುಂದುವರಿದ ಭಾಗ ಪಕ್ಕದ ತಲೆಯಲ್ಲಿ

ಬೇಸಿಗೆ ಓದು ಶಿಬಿರದಿಂದ ಮಗಳು ಇವತ್ತೂ ಒಂದು ಪುಸ್ತಕ ಓದದೆ ಮನೆಗೆ ಬಂದಿದ್ದಾಳೆ. ತಲೆ ಮೇಲೆ ಪೇಪರ್ ಟೋಪಿ, ಅಂಗೈಗೆಲ್ಲ ಗೋಂದು, ಬಾಯಲ್ಲಿ ಕೆಆರ್‌ಎಸ್ ನೀರಿನ ಮಟ್ಟ. ಎರಡನೇ ಕ್ಲಾಸ್ ಮುಗಿಸಿದ ಹುಡುಗಿಗೆ ಒಳಹರಿವು, ಹೊರಹರಿವು ಎಲ್ಲ ಯಾಕೆ ಗೊತ್ತಿರಬೇಕು? ಹೇಳುತ್ತೇನೆ. ಕೋಪ ಇನ್ನೂ ಆರಿಲ್ಲ, ಮಾತು ಸ್ವಲ್ಪ ಜಾಸ್ತಿ ಆದರೆ ಸಹಿಸಿಕೊಳ್ಳಿ.

ಏಪ್ರಿಲ್ ಬಂತು ಅಂದರೆ ಮೈಸೂರಿನ ಅಪ್ಪ ಅಮ್ಮಂದಿರಿಗೆ ಒಂದೇ ಚಿಂತೆ. ಮಕ್ಕಳನ್ನು ಎಲ್ಲಿಗೆ ಹಾಕೋದು? ರಂಗಾಯಣದ ಚಿಣ್ಣರ ಮೇಳಕ್ಕೆ ಅರ್ಜಿ ಸಿಗುವುದೇ ಒಂದು ಸಾಹಸ. ಸಾಹಸಕ್ಕೆ ನಾನು ತಯಾರಿದ್ದರೂ ಮಗಳ ವಯಸ್ಸು ಸಾಲದು. ಈಜು ಕಲಿಸೋಣ ಅಂದರೆ ನೀರು ಕಂಡರೆ ಅಳುತ್ತಾಳೆ. ಕರಾಟೆಗೆ ಸೇರಿಸಿದರೆ ಮನೆಯಲ್ಲಿ ನಾವು ಅಳಬೇಕಾಗುತ್ತದೆ. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿರುವ ನಾದಿನಿ ಫೋನ್ ಮಾಡಿದಳು. ಅಲ್ಲಿ 1999ರಿಂದ ಪ್ರತಿ ಬೇಸಿಗೆ ಲೈಬ್ರರಿಗಳಲ್ಲಿ ಮಕ್ಕಳಿಗೆ ಆರು ಪುಸ್ತಕ ಓದುವ ಸವಾಲು ಇರುತ್ತದಂತೆ. ಓದಿದಂತೆಲ್ಲ ಸ್ಟಿಕ್ಕರ್, ಮುಗಿಸಿದರೆ ಪ್ರಮಾಣಪತ್ರ. ಎಲ್ಲ ಪುಕ್ಕಟೆ. ಅವರ ಬೇಸಿಗೆ ಅಂದರೆ ಜುಲೈ, ಆಗಸ್ಟ್. ಆಗ ಇಲ್ಲಿ ನಾವು ರೇನ್‌ಕೋಟ್ ಹುಡುಕುತ್ತಿರುತ್ತೇವೆ. ಇರಲಿ. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲೂ ‘ಬೇಸಿಗೆ ಓದು ಶಿಬಿರ, ಉಚಿತ’ ಎಂದು ಬೋರ್ಡ್ ಬಿತ್ತು. ನಾದಿನಿಗೆ ಅದರ ಫೋಟೊ ಕಳಿಸಿ ತಲೆ ಎತ್ತಿ ಓಡಾಡಿದೆ.

ಶಿಬಿರದಲ್ಲಿ ಏನೇನಿದೆ ಗೊತ್ತಾ? ಯೋಗ ಇದೆ. ಗಾಳಿಪಟ ಇದೆ. ಭಾವಗೀತೆ ಇದೆ. ಬೆಂಕಿ ಇಲ್ಲದ ಅಡುಗೆ ಅಂತ ಒಂದಿದೆ, ಅಂದರೆ ಸೌತೆಕಾಯಿ ಕೋಸಂಬರಿ. ಓದು ಒಂದಿಲ್ಲ. ಯಾಕೆಂದರೆ ಮಕ್ಕಳ ಪುಸ್ತಕಗಳೆಲ್ಲ ಒಂದು ಗಾಜಿನ ಬೀರುವಿನಲ್ಲಿವೆ. ಬೀರುವಿಗೆ ಬೀಗ. ಬೀಗದ ಕೈ ಸಾಹೇಬರ ಹತ್ತಿರ. ಸಾಹೇಬರಿಗೆ ಇನ್ನೊಂದು ಶಾಖೆಯ ಪ್ರಭಾರ. ಅವರು ಯಾವಾಗ ಬರುತ್ತಾರೆ ಅಂತ ಕೇಳಿದರೆ ಅಲ್ಲಿನ ಮೇಡಂ, ‘ಈಗ ತಾನೇ ಹೋದ್ರಲ್ಲ’ ಅನ್ನುತ್ತಾರೆ. ನಾನು ಯಾವ ಹೊತ್ತಿಗೆ ಹೋದರೂ ಅವರು ಈಗ ತಾನೇ ಹೋಗಿರುತ್ತಾರೆ.

ಮಕ್ಕಳು ಗಾಜಿಗೆ ಮೂಗು ಒತ್ತಿ ಪುಸ್ತಕಗಳ ಬೆನ್ನು ಓದುತ್ತಾರೆ. ಬೀರುವಿನ ತುಂಬ ಬೇರೆ ಬೇರೆ ಎತ್ತರದಲ್ಲಿ ಮೂಗಿನ ಗುರುತು. ಅದರ ಮೇಲೆ ಗೋಡೆಯಲ್ಲಿ ಎಸ್.ಆರ್. ರಂಗನಾಥನ್ ಅವರ ಫೋಟೊ. ಗ್ರಂಥಾಲಯಗಳಿಗೆ ಅಂತ 1931ರಲ್ಲಿ ಐದು ಸೂತ್ರ ಬರೆದವರು. ಮೊದಲನೆಯದು, ಪುಸ್ತಕಗಳಿರುವುದು ಬಳಸುವುದಕ್ಕೆ. ನಾಲ್ಕನೆಯದು, ಓದುಗರ ಸಮಯ ಉಳಿಸಿ. ಫೋಟೊದಲ್ಲಿ ಅವರು ನೇರ ಆ ಬೀಗವನ್ನೇ ನೋಡುತ್ತಿರುವ ಹಾಗೆ ಕಾಣುತ್ತದೆ, ಪಾಪ.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇಕಡ 5 ರಿಯಾಯಿತಿ ಅಂತ ಎದ್ದೂ ಬಿದ್ದೂ ಹೋಗಿ ಮನೆ ಕಂದಾಯ ಕಟ್ಟುತ್ತೇವಲ್ಲ, ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಕಾಯ್ದೆಯಿಂದ ಬಂದದ್ದು, ತೆರಿಗೆಯ ಮೇಲೆ ಶೇಕಡ 6. ಅಂದರೆ ಆ ಬೀರುವಿನ ಒಂದು ತಿರುಪಾದರೂ ನನ್ನ ದುಡ್ಡಿನದು. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು, ಒಂದು ಕಾಲದಲ್ಲಿ ಬಸ್ ಕಂಡಕ್ಟರ್ ಆಗಿದ್ದವರು, ಸ್ವಂತ ದುಡ್ಡಿನಲ್ಲಿ ಲಕ್ಷಗಟ್ಟಲೆ ಪುಸ್ತಕ ಗುಡ್ಡೆ ಹಾಕಿ, ಬನ್ನಿ ಓದಿ ಅಂತ ಬಾಗಿಲು ತೆಗೆದು ಕೂತಿದ್ದಾರೆ. ನಮಗೆ ಒಂದು ಬೀರು ತೆಗೆಯುವುದಕ್ಕೆ ಪಂಚಾಂಗ ನೋಡಬೇಕು.

ಈಗ ಪೇಪರ್ ತಾತನ ವಿಷಯಕ್ಕೆ ಬರುತ್ತೇನೆ.

ನಿಮ್ಮ ಬಡಾವಣೆಯ ಲೈಬ್ರರಿಯಲ್ಲೂ ಇವರು ಇದ್ದೇ ಇರುತ್ತಾರೆ. ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ನಿಂತಿರುತ್ತಾರೆ. ಒಳಗೆ ಬಂದವರೇ ಫ್ಯಾನ್ ಕೆಳಗಿನ ಕುರ್ಚಿ ಹಿಡಿಯುತ್ತಾರೆ. ಒಂದು ಪೇಪರ್ ಕೈಯಲ್ಲಿ. ಒಂದು ತೊಡೆ ಕೆಳಗೆ. ಒಂದು ಕಂಕುಳಲ್ಲಿ. ನಾಲ್ಕನೆಯದರ ಮೇಲೆ ಕನ್ನಡಕದ ಡಬ್ಬಿ, ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ. ಯಾರಾದರೂ ‘ಸಾರ್, ಅದು ಓದಿ ಆಯ್ತಾ?’ ಅಂದರೆ, ‘ಓದ್ತಾ ಇದೀನಲ್ಲ’ ಅನ್ನುತ್ತಾರೆ. ತೊಡೆಯಿಂದ ಓದುವ ವಿದ್ಯೆ ಅವರಿಗೊಬ್ಬರಿಗೇ ಗೊತ್ತು.

ಓದುವುದಕ್ಕೂ ಒಂದು ಕ್ರಮ ಉಂಟು. ಮೊದಲು ನಿಧನ ವಾರ್ತೆ. ಪರಿಚಯದವರು ಯಾರೂ ಇಲ್ಲದಿದ್ದರೆ ಸ್ವಲ್ಪ ನಿರಾಸೆ. ಆಮೇಲೆ ಚಿನ್ನದ ದರ. ಆಮೇಲೆ ಕೆಆರ್‌ಎಸ್ ನೀರಿನ ಮಟ್ಟ, ಇದು ಮಾತ್ರ ಗಟ್ಟಿಯಾಗಿ. ಮದ್ದೂರಿನ ಕಡೆ ಅವರ ಜಮೀನಿದೆ, ವಿ.ಸಿ. ನಾಲೆಯ ಕೊನೇ ಭಾಗದಲ್ಲಿ. ಹಾಗಾಗಿ ನೀರು ಅರ್ಧ ಅಡಿ ಇಳಿದರೂ ನಮಗೆಲ್ಲ ಗದರುತ್ತಾರೆ, ನಾವು ರಾತ್ರಿ ಕುಡಿದು ಖಾಲಿ ಮಾಡಿದವರ ಹಾಗೆ. ‘ಮೊಬೈಲಲ್ಲಿ ಬರುತ್ತಲ್ಲ ಅಂಕಲ್’ ಅಂತ ನಾನೊಮ್ಮೆ ಅಂದಿದ್ದಕ್ಕೆ, ‘ಮೊಬೈಲ್ ನೀರು ನಂಬೋಕಾಗಲ್ಲ ಕಣಮ್ಮ’ ಅಂದಿದ್ದರು.

ಇದೂ ಹೋಗಲಿ. ಹನ್ನೊಂದಕ್ಕೆ ಅವರು ಕಾಫಿಗೆ ಹೋಗಬೇಕು. ಎದ್ದು ಹೋದರೆ ಪೇಪರ್ ಬೇರೆಯವರ ಪಾಲು. ಅದಕ್ಕೆ ಒಂದು ಉಪಾಯ ಮಾಡಿದ್ದಾರೆ. ಮೂಲೆಯಲ್ಲಿ ಹಳೇ ಪೇಪರಿನ ರಾಶಿ ಇದೆ, ತೂಕಕ್ಕೆ ಹಾಕಲು ಇಟ್ಟಿದ್ದು. ಇನ್ನೂ ಓದದ ಪೇಪರುಗಳನ್ನು ಆ ರಾಶಿಯ ಒಳಗೆ ತೂರಿಸಿ, ಏನೂ ಗೊತ್ತಿಲ್ಲದವರ ಹಾಗೆ ಚಪ್ಪಲಿ ಮೆಟ್ಟಿ ಹೋಗುತ್ತಾರೆ. ಉಳಿದವರು ‘ಇವತ್ತು ಆಂದೋಲನ ಬಂದಿಲ್ವಾ?’ ‘ಮೈಸೂರು ಮಿತ್ರ ಎಲ್ಲಿ?’ ಅಂತ ಮೇಜಿನ ಕೆಳಗೆಲ್ಲ ಹುಡುಕುತ್ತಿರುತ್ತಾರೆ. ಇದು ನನಗೆ ಗೊತ್ತು. ಇಡೀ ಹಾಲಿಗೆ ಗೊತ್ತು. ಗೊತ್ತಿಲ್ಲದೇ ಇದ್ದದ್ದು ಒಬ್ಬರಿಗೆ ಮಾತ್ರ, ಇವತ್ತು ಮೊದಲ ಸಲ ಬಂದ ಕ್ರಾಫ್ಟ್ ಕಲಿಸುವ ಹುಡುಗಿಗೆ.

ಇವತ್ತಿನ ಪಾಠ ಪೇಪರ್ ಟೋಪಿ. ಆ ಹುಡುಗಿ ‘ಹಳೇ ಪೇಪರ್ ಇದ್ಯಾ ಮೇಡಂ?’ ಅಂದಳು. ಮೇಡಂ ಮೂಲೆ ತೋರಿಸಿದರು. ಅವಳು ಒಂದು ತೋಳು ತುಂಬ ಬಾಚಿಕೊಂಡು ಬಂದಳು. ಅರ್ಧ ಗಂಟೆಯಲ್ಲಿ ಮಕ್ಕಳೆಲ್ಲರ ತಲೆ ಮೇಲೂ ಟೋಪಿ. 1970ರಿಂದ ನಮ್ಮ ಮೈಸೂರಿನಿಂದಲೇ ಹೊರಡುವ ಸಂಸ್ಕೃತ ದಿನಪತ್ರಿಕೆ ಸುಧರ್ಮಾ ಕೂಡ ಆ ರಾಶಿಯಲ್ಲಿತ್ತು. ಅದರ ಹಾಳೆ ಚಿಕ್ಕದು. ಅದರ ಟೋಪಿ ಯಾರೋ ಎತ್ತಿಕೊಂಡು ಬಂದಿದ್ದ ತಮ್ಮನ ತಲೆಗೆ ಮಾತ್ರ ಸರಿಹೋಯಿತು. ಮಗು ಅದನ್ನು ಚೀಪಲು ಶುರು ಮಾಡಿತು.

ತಾತ ಕಾಫಿ ಮುಗಿಸಿ ಬಂದರು. ರಾಶಿಗೆ ಕೈ ಹಾಕಿದರು. ಇಲ್ಲ. ಇನ್ನೂ ಆಳಕ್ಕೆ ಹಾಕಿದರು. ಇಲ್ಲ. ಕೂಗಾಡುವ ಹಾಗಿಲ್ಲ, ಬಚ್ಚಿಟ್ಟವರು ತಾವೇ. ಹಿಂದಕ್ಕೆ ತಿರುಗಿದರು. ಎದುರಿಗೆ ಸಾಲಾಗಿ ಕೂತ ಟೋಪಿಗಳು. ಸ್ವಲ್ಪ ಹೊತ್ತು ಸುಮ್ನೆ ನಿಂತು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ನಂತರ ಮೊದಲನೇ ಮಗುವಿನ ಹತ್ತಿರ ಹೋಗಿ, ‘ಮರೀ, ಸ್ವಲ್ಪ ಬಗ್ಗು’ ಅಂದರು.

ಓದಲು ಶುರು ಮಾಡಿದರು!

ಮೊದಲನೇ ತಲೆಯಲ್ಲಿ ಜಾಹೀರಾತು. ಎರಡನೇ ತಲೆಯಲ್ಲಿ ಚಿನ್ನದ ದರ, ಆದರೆ ಬೆಳ್ಳಿ ಕಿವಿಯ ಮೇಲೆ ಮಡಚಿಹೋಗಿದೆ. ಮೂರನೆಯದರಲ್ಲಿ ಹುಲಿ ಸುದ್ದಿ. ಕಾಡಂಚಿನ ಊರಿಗೆ ಹುಲಿ ಬಂದಿದೆ, ಸಾಕಾನೆ ತರಿಸಿದ್ದಾರೆ, ಅರಣ್ಯ ಸಿಬ್ಬಂದಿ ಜೋಳದ ಹೊಲ ಸುತ್ತುವರಿದಿದ್ದಾರೆ. ತಾತ ಗಟ್ಟಿಯಾಗಿ ಓದುತ್ತಿದ್ದಂತೆ ಮಕ್ಕಳು ಗೋಂದು ಬಿಟ್ಟು ಸುತ್ತ ಮುತ್ತಿಕೊಂಡರು. ‘ಪೊದೆಯೊಳಗಿಂದ ಒಮ್ಮೆಲೇ...’ ಅಂದರು. ನಿಲ್ಲಿಸಿದರು.

‘ಒಮ್ಮೆಲೇ ಏನಾಯ್ತು ತಾತ?’

‘6ನೇ ಪುಟಕ್ಕೆ.’

‘6ನೇ ಪುಟ ಯಾರ ತಲೇಲಿದೆ?’

ಮುಂದಿನ ಐದು ನಿಮಿಷ ಅಲ್ಲಿ ನಡೆದದ್ದು ಗದ್ದಲ ಅಂದರೆ ಕಡಿಮೆ ಆಯಿತು. ಮಕ್ಕಳು ಒಬ್ಬರನ್ನೊಬ್ಬರು ಹಿಡಿದು ತಿರುಗಿಸಿ ಪುಟದ ಸಂಖ್ಯೆ ಹುಡುಕಿದರು. ದಿನಾ ಪೇಪರಿಗೆ ಜಗಳ ಆಡುವ ಹಿರಿಯರೂ ಎದ್ದು ಬಂದರು. ‘ಮೌನವಾಗಿರಿ’ ಅನ್ನುವ ಬೋರ್ಡಿನ ಕೆಳಗೆ ನಿಂತು ಒಬ್ಬರು, ‘ಇಲ್ಲಿ 8 ಇದೆ! 8 ಯಾರಿಗಾದ್ರೂ ಬೇಕಾ?’ ಅಂತ ಕೂಗಿದರು. ಕೊನೆಗೆ ಗೊತ್ತಾಯಿತು. 6ನೇ ಪುಟ ಹಾಕಿಕೊಂಡ ಹುಡುಗ ಟಾಯ್ಲೆಟ್ಟಿಗೆ ಹೋಗಿದ್ದಾನೆ. ಇಡೀ ಲೈಬ್ರರಿ ಟಾಯ್ಲೆಟ್ ಬಾಗಿಲ ಮುಂದೆ ನಿಂತಿತು. ಆ ಮಗು ಹೊರಗೆ ಬಂದಾಗ ಅವನ ಮುಖ ನೋಡಬೇಕಿತ್ತು.

ತಾತನ ಕನ್ನಡಕ ಆ ನೂಕಾಟದಲ್ಲಿ ಎಲ್ಲೋ ಬಿದ್ದಿತ್ತು. ‘ನೀನೇ ಓದಪ್ಪ’ ಅಂದರು. ಹುಡುಗ ಆರನೇ ಕ್ಲಾಸು. ‘ನಂಗೆ ಕನ್ನಡ ಫಾಸ್ಟಾಗಿ ಬರಲ್ಲ ತಾತ’ ಅಂದ. ‘ಹುಲಿನೂ ಕಾಯುತ್ತೆ, ಓದು’ ಅಂದರು. ಟೋಪಿ ತೆಗೆದು, ಬೆರಳಿಟ್ಟು, ‘ಅರಿ... ವಳಿ... ಕೆ’ ಅಂತ ಕೂಡಿಸಿಕೊಂಡು ಓದಿದ. ಒತ್ತಕ್ಷರ ಬಂದಾಗಲೆಲ್ಲ ಚಿಕ್ಕವರು ಪಕ್ಕದಿಂದ ಹೇಳಿಕೊಟ್ಟರು. ಅರಿವಳಿಕೆಯ ಬಂದೂಕಿನವರೆಗೆ ಸುದ್ದಿ ಬಂತು. ಅಲ್ಲಿಗೆ ಹಾಳೆ ಮುಗಿಯಿತು. ಟೋಪಿ ನೀಟಾಗಿ ಬರಲಿ ಅಂತ ಕ್ರಾಫ್ಟ್ ಹುಡುಗಿ ಅಂಚು ಕತ್ತರಿಸಿದ್ದಳು. ಹುಲಿಯ ಗತಿ ಏನಾಯಿತು ಎನ್ನುವುದು ಕಸದ ಜೊತೆ ಹೋಗಿತ್ತು.

ಸಿಕ್ಕಿತು ಅಂತ ಒಬ್ಬ. ಇಲ್ಲ, ಕಬಿನಿ ಈಜಿ ಆ ಕಡೆ ಹೋಯಿತು ಅಂತ ಇನ್ನೊಬ್ಬಳು. ಆನೆಗೂ ಹುಲಿಗೂ ರಾಜಿ ಆಯಿತು ಅಂತ ನನ್ನ ಮಗಳು.

ನಮ್ಮ ಅಜ್ಜಿ ಮನೆ ನೆನಪಾಯಿತು. ಮಂಡ್ಯದಲ್ಲಿ, ಬೇಸಿಗೆ ರಜೆಯಲ್ಲಿ, ಬಾಡಿಗೆ ಲೈಬ್ರರಿಯಿಂದ ಪತ್ತೇದಾರಿ ಕಾದಂಬರಿ ತರುತ್ತಿದ್ದೆವು. ಎಷ್ಟೋ ಪುಸ್ತಕಕ್ಕೆ ಕೊನೇ ಹಾಳೆ ಇರುತ್ತಿರಲಿಲ್ಲ. ಜಗಲಿಯಲ್ಲಿ ಕೂತು ಕೊಲೆಗಾರ ಯಾರು ಅಂತ ಕೈ ಎತ್ತಿ ಮತ ಹಾಕುತ್ತಿದ್ದೆವು. ಅಜ್ಜಿ ಹಪ್ಪಳ ಒಣಹಾಕುತ್ತ, ಕಥೆ ಒಂದು ಸಾಲೂ ಗೊತ್ತಿಲ್ಲದೆ, ‘ಆ ಡಾಕ್ಟ್ರೇ ಇರ್ಬೇಕು’ ಅನ್ನುತ್ತಿದ್ದರು. ಅವರಿಗೆ ಡಾಕ್ಟರುಗಳ ಮೇಲೆ ಮೊದಲಿಂದಲೂ ಅನುಮಾನ. ಈಗ ಅಜ್ಜಿಯೂ ಇಲ್ಲ, ಜಗಲಿ ಒಡೆದು ಮೊಬೈಲ್ ಅಂಗಡಿ ಆಗಿದೆ.

ಹುಲಿ ಹೋಯಿತು, ಇನ್ನು ನೀರು ಉಳಿದಿತ್ತು. ಅದು ನನ್ನ ಮಗಳ ತಲೆ ಮೇಲೆ. ‘ಗರಿಷ್ಠ ಮಟ್ಟ 124.80 ಅಡಿ’ ಅನ್ನುವ ಸಾಲು ಹಣೆಯ ಮೇಲೆ ಚೆನ್ನಾಗಿ ಕಾಣುತ್ತಿದೆ. ಅದು ಯಾರಿಗೆ ಬೇಕು, ಅದು ಎಂದೂ ಬದಲಾಗಲ್ಲ. ಇವತ್ತಿನ ಮಟ್ಟ ಮಡಿಕೆಯ ಒಳಗೆ. ಬಿಚ್ಚು ಅಂದರೆ ಇವಳು ಒಲ್ಲೆ ಅಂದಳು. ತಾತ ಶುಂಠಿ ಪೆಪ್ಪರ್‌ಮೆಂಟು ತೋರಿಸಿದರು. ಖಾರ ಅಂದಳು. ನಾನು ಕಣ್ಣು ಬಿಟ್ಟೆ. ಎರಡೂ ಕೈಯಲ್ಲಿ ಟೋಪಿ ಒತ್ತಿ ಹಿಡಿದಳು. ಕೊನೆಗೆ ಒಪ್ಪಂದ ಆಯಿತು. ಬಿಚ್ಚುವುದಿಲ್ಲ, ಆದರೆ ಬೆರಳಿನಿಂದ ಮಡಿಕೆ ಅಗಲಿಸಿ ಅವಳೇ ಇಣುಕಿ ಓದುತ್ತಾಳೆ. ಇಂದಿನ ಮಟ್ಟ, ಒಳಹರಿವು, ಹೊರಹರಿವು, ಒಂದೊಂದೇ ಅಕ್ಷರ. ತಾತ ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ಅವಳು ಮನೆ ತಲುಪುವವರೆಗೂ ಅದನ್ನೇ ಹೇಳುತ್ತ ಬಂದಳು.

ಕನ್ನಡಕ ಹುಡುಕಿ ಕೊಡುವಾಗ ಕೇಳಿಯೇ ಬಿಟ್ಟೆ. ‘ಅಂಕಲ್, ಒಂದು ಪೇಪರ್ ಮನೆಗೇ ತರಿಸಬಾರದಾ?’

‘ಎರಡು ತರಿಸ್ತೀನಿ ಕಣಮ್ಮ. ಮನೇಲಿ ಅದನ್ನ ಕಿತ್ಕೊಳ್ಳೋಕೆ ಯಾರಿದಾರೆ?’

ಅದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಸಾಹೇಬರು! ಕೈಯಲ್ಲಿ ಬೀಗದ ಕೈ ಗೊಂಚಲು. ನಾನು ಕನಸೋ ನಿಜವೋ ಅಂದುಕೊಂಡೆ. ಬೀರು ತೆಗೆದರು. ನುಸಿಗುಳಿಗೆಯ ವಾಸನೆ ಹಾಲೆಲ್ಲ ತುಂಬಿತು. ಮಗಳು ನೇರ ಹೋಗಿ ಹುಲಿ ಚಿತ್ರದ ಪುಸ್ತಕ ಹಿಡಿದಳು, ಬಿಡಲಿಲ್ಲ.

‘ಮನೆಗೆ ಒಯ್ಯಬೇಕಾದ್ರೆ ಸದಸ್ಯತ್ವ ಬೇಕು’ ಅಂದರು ಸಾಹೇಬರು. ಅರ್ಜಿ, ಠೇವಣಿ, ಫೋಟೊ, ವಿಳಾಸದ ಪುರಾವೆ. ಆಮೇಲೆ ಜಾಮೀನಿಗೆ ಗೆಜೆಟೆಡ್ ಅಧಿಕಾರಿಯ ಸಹಿ. ಹುಲಿ ಚಿತ್ರದ ಪುಸ್ತಕಕ್ಕೆ! ಬೆಲೆ ನೋಡಿದೆ, 35 ರೂಪಾಯಿ. ಪುಸ್ತಕ ಮತ್ತೆ ಬೀರುವಿಗೆ ಹೋಯಿತು. ಬೀಗ ಬಿತ್ತು.

ತಾತ ತಕ್ಷಣ, ‘ನಾನು ಗೆಜೆಟೆಡ್ ಆಗಿದ್ದೆ, ಕೊಡಿ ಸಹಿ ಹಾಕ್ತೀನಿ’ ಅಂದರು. ನಿವೃತ್ತರ ಸಹಿ ನಡೆಯಲ್ಲ ಅಂದರು ಸಾಹೇಬರು. ತಾತನಿಗೆ ಅವಮಾನ ಆಯಿತು. ಅಲ್ಲೇ ನಿಂತು ನಾಲ್ಕು ಜನಕ್ಕೆ ಫೋನ್ ಹಚ್ಚಿದರು, ಮೊಬೈಲ್ ನಂಬದವರು. ಒಬ್ಬರು ವರ್ಗ ಆಗಿದ್ದಾರೆ, ಒಬ್ಬರು ಧರ್ಮಸ್ಥಳದಲ್ಲಿದ್ದಾರೆ, ಒಬ್ಬರು ಫೋನ್ ಎತ್ತಲಿಲ್ಲ. ನಾಲ್ಕನೆಯವರು ಸಿಕ್ಕಿದರು. ತಾತನ ತಂಗಿ ಅಳಿಯ, ಸರ್ಕಾರಿ ದನದ ಡಾಕ್ಟರು.

ನಾಳೆ ಹತ್ತೂವರೆಗೆ ಮಗಳನ್ನು ಕರೆದುಕೊಂಡು ಪಶು ಆಸ್ಪತ್ರೆಗೆ ಹೋಗಬೇಕು. ಬೇಗ ಬಂದರೆ ಎಮ್ಮೆಗಳಿಗಿಂತ ಮುಂಚೆ ಸಹಿ ಸಿಗುತ್ತದಂತೆ.